‘ಟೈಮ್’ ಯಾವ ಶ್ರುತಿ? ಆರತಕ್ಷತೆಗೆ ನುಡಿಸ್ಬೇಕು, ಪಿಟೀಲಿನವ್ರು ಒಪ್ತಿಲ್ಲ

ಮಂಡ್ಯ_ಕೀಬೋರ್ಡ್:
ನಮ್ದು ನಾಲ್ಕು ಜನರ ಸಣ್ಣ ತಂಡ. ಮಂಡ್ಯ ಕಡೆ ಆರ್ಕೆಸ್ಟ್ರಾ ಅಂದ್ರೆ ಗಣಪತಿ ಪೆಂಡಾಲ್ ಮುಂದೆ ರಾತ್ರಿ ಅಣ್ಣಾವ್ರ ಹಾಡು, ಅಷ್ಟೇ. ನಾವೂ ಅದನ್ನೇ ಮಾಡ್ಕೊಂಡು ಬಂದವ್ರು. ಈಗ ಒಬ್ಬ ಮದುಮಗ ಪಟ್ಟು ಹಿಡಿದವ್ನೆ: ಆರತಕ್ಷತೇಲಿ ಬಾಗಿಲಿಂದ ವೇದಿಕೆಗೆ ನಡೆದು ಬರೋವಾಗ 2010ರ ‘ಇನ್ಸೆಪ್ಷನ್’ ಸಿನಿಮಾಗೆ ಹ್ಯಾನ್ಸ್ ಜಿಮ್ಮರ್ ಮಾಡಿದ ‘ಟೈಮ್’ ಬೇಕಂತೆ.

ಹಾಡು ಕೇಳಿ ಶ್ರುತಿ, ವೇಗ ಹೇಳೋ ಒಂದು ಆ್ಯಪ್ ಜಿ ಮೇಜರ್ ಅಂತು, ಇನ್ನೊಂದು ಇ ಮೈನರ್ ಅಂತು. ನಾನು ಜಿ ನಂಬ್ಕೊಂಡು, ಮೈಸೂರಿಂದ ಬರೋ ಪಿಟೀಲಿನವ್ರಿಗೆ ‘ಐದು ಮನೆ ಶ್ರುತಿ’ ಅಂದೆ, ಅವ್ರ ಲೆಕ್ಕದಲ್ಲಿ ಜಿ ಅಂದ್ರೆ ಅದೇ. ಅವ್ರು ಕರ್ನಾಟಕ ಸಂಗೀತದವ್ರು. ತಂತಿ ಕೂರಿಸ್ಕೊಂಡು ಒಂದು ಸುತ್ತು ನುಡಿಸಿ, ಕಮಾನು ಕೆಳಗಿಟ್ಟು, “ಇದು ಷಡ್ಜದಲ್ಲಿ, ಆ ‘ಸ’ದಲ್ಲಿ, ಶುರುವಾಗ್ತಾನೂ ಇಲ್ಲ, ಬಂದು ನಿಲ್ತಾನೂ ಇಲ್ಲ, ಯಾರಪ್ಪಾ ನಿಂಗೆ ಹೇಳಿದ್ದು?” ಅಂದ್ರು. ನನ್ನ ಕೈಗೆ ಸಿಕ್ಕ ಕಾರ್ಡ್‌ಗಳು (ಒಟ್ಟಿಗೆ ಒತ್ತೋ ಸ್ವರಗಳ ಗೊಂಚಲು) ಎ ಮೈನರ್, ಇ ಮೈನರ್, ಜಿ, ಡಿ. ಮತ್ತೆ ಮತ್ತೆ ಇದೇ ಸುತ್ತು.

ವೇಗ ಬೇರೆ ನಿಮಿಷಕ್ಕೆ 120 ಪೆಟ್ಟು ತೋರಿಸ್ತು. ರಿದಂ ಪ್ಯಾಡ್ ಹುಡುಗ ಅದಕ್ಕೇ ಹೊಡೆದ, ಮದುಮಗ ಪರೇಡ್‌ಗೆ ಬಂದಂಗಾಯ್ತು. ಇದ್ರ ಮಧ್ಯೆ ಹುಡುಗಿ ಸೋದರಮಾವ “ಮದ್ವೆ ಮನೇಲಿ ಇದೇನ್ಲಾ ಸಾವಿನ ರಾಗ” ಅಂತಾವ್ರೆ. ಏನ್ ಹೇಳೋದು?

ಸಕ್ಕರೆಸೀಮೆ:
ಮಾವ ಹೇಳೋದು ಸರಿಯಾಗೈತೆ. ನಾದಸ್ವರ ಇಡ್ಸಿ.

ಒಂಟಿಕೊಪ್ಪಲ್_ಕ್ಲಾರಿನೆಟ್:
ಮೂವತ್ತು ವರ್ಷ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವನು ನಾನು. ಈಗ ಮುಂದಿನ ಹಲ್ಲು ಹೋಗಿ ಬರೀ ಮಾತು.

ವೇಗದ್ದು ಮೊದಲು ಮುಗಿಸಿಬಿಡೋಣ. ಅದು 60, ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು. ಆ್ಯಪ್ ನಡುವಿನ ಅರ್ಧ ಪೆಟ್ಟನ್ನೂ ಎಣಿಸಿಕೊಂಡಿದೆ, ಎರಡನೇ ಕಾಲವನ್ನೇ ಮೊದಲನೇ ಕಾಲ ಅಂದುಕೊಂಡ ಹಾಗೆ. ಹುಡುಗನಿಗೆ ಅರ್ಧ ಹೊತ್ತು ಕೈ ಕಟ್ಟಿಕೊಂಡು ಕೂರಕ್ಕೆ ಹೇಳಿ.

ಶ್ರುತಿ ವಿಚಾರದಲ್ಲಿ ಎರಡು ಆ್ಯಪ್‌ಗಳೂ ಸುಳ್ಳು ಹೇಳಿಲ್ಲ. ನಿಮ್ಮ ನಾಲ್ಕು ಕಾರ್ಡ್ ಬಿಡಿಸಿದರೆ ಸಿಗೋದು ಜಿ, ಎ, ಬಿ, ಸಿ, ಡಿ, ಇ, ಎಫ್ ಶಾರ್ಪ್. ಜಿ ಷಡ್ಜ ಆದರೆ ಶಂಕರಾಭರಣ ರಾಗ. ಅದೇ ಸ್ವರಗಳಿಗೆ ಎ ಷಡ್ಜ ಮಾಡಿ, ಖರಹರಪ್ರಿಯ. ಇ ಮಾಡಿ, ನಠಭೈರವಿ. ಕಛೇರಿಗಳಲ್ಲಿ ವಿದ್ವಾಂಸರು ಗ್ರಹಭೇದ ಮಾಡಿ, ಅಂದರೆ ಷಡ್ಜದ ಜಾಗ ಬದಲಿಸಿ ಬೇರೆ ರಾಗ ತೋರಿಸಿ, ಚಪ್ಪಾಳೆ ಗಿಟ್ಟಿಸೋದು ಇದರಲ್ಲೇ. ಆ್ಯಪ್ ಏಳು ಸ್ವರ ಹೆಕ್ಕಿ ಕೊಡುತ್ತೆ. ತಂಬೂರಿ ಎಲ್ಲಿಗೆ ಕೂರಿಸಬೇಕು ಅನ್ನೋದು ಅದಕ್ಕೆ ಗೊತ್ತಾಗಲ್ಲ, ನಿಮ್ಮ ಪಿಟೀಲಿನವರಿಗೆ ಒಂದೇ ಸುತ್ತಿನಲ್ಲಿ ಗೊತ್ತಾಯ್ತು.

ನನ್ನ ಕಿವಿಗೆ ಷಡ್ಜ ಎ. ಪ್ರತಿ ಸುತ್ತೂ ಅಲ್ಲಿಂದಲೇ ಹೊರಡುತ್ತೆ. ಆದರೆ ಮಾಮೂಲಿ ಎ ಮೈನರ್ ಅಂತ ಬರೀ ಎಫ್ ಒತ್ತಿಬಿಟ್ಟೀರ! ಡಿ ಕಾರ್ಡಿನಲ್ಲಿರೋದು ಎಫ್ ಶಾರ್ಪ್, ಅಂದರೆ ಚತುಶ್ರುತಿ ಧೈವತ, ಎಫ್‌ಗಿಂತ ಅರ್ಧ ಸ್ವರ ಮೇಲಿನ ‘ದ’. ಇಂಗ್ಲಿಷ್ ಸಂಗೀತದವರು ಡೋರಿಯನ್ ಅಂತಾರೆ. ಪಿಟೀಲಿನವರಿಗೆ ‘ಆರು ಮನೆ, ಖರಹರಪ್ರಿಯ, ಗಮಕ ಬೇಡ’ ಅನ್ನಿ, ಸ್ವರ ತೂಗಾಡಿಸದೆ ನೇರವಾಗಿ ನುಡಿಸಲಿ ಅಂತ. ಕೊನೇ ಮಾತಿಗೆ ಮುಖ ಗಂಟಿಕ್ಕಬಹುದು.

ಮಾವನವರಿಗೆ ಅಳು ಕೇಳಿಸ್ತಿರೋದು ಬರೀ ಮೈನರ್‌ನಿಂದ ಅಂತ ನನಗನ್ನಿಸಲ್ಲ. ಡಿ ಬಂದಾಗ ಕಿವಿ ಜಿಗೆ ಕಾಯುತ್ತೆ, ಊಟ ಆದ ಮೇಲೆ ಎಲೆ ಅಡಿಕೆಗೆ ಕಾದ ಹಾಗೆ. ಇದು ಅದನ್ನ ಕೊಡದೆ ಮತ್ತೆ ಎ ಮೈನರ್‌ಗೇ ಎಳ್ಕೊಂಡು ಹೋಗುತ್ತೆ. ಹೆಚ್ಚುಕಮ್ಮಿ ನಾಲ್ಕೂವರೆ ನಿಮಿಷ! ವೇಗ ಒಂಚೂರೂ ಏರಲ್ಲ, ನಾದ ಮಾತ್ರ ದಪ್ಪ ಆಗ್ತಾ ಹೋಗುತ್ತೆ: ಪಿಯಾನೊ, ತಂತಿವಾದ್ಯ, ಜಾನಿ ಮಾರ್ ಅವರ ಗಿಟಾರ್, ಹಿತ್ತಾಳೆ ಕಹಳೆಗಳು. ಆಲೆಮನೆ ನೀವು ನೋಡಿರ್ತೀರಿ. ಉರಿ ಅಷ್ಟೇ ಇರುತ್ತೆ, ಕೊಪ್ಪರಿಗೇಲಿ ಪಾಕ ಗಟ್ಟಿ ಆಗ್ತಾ ಬರುತ್ತೆ. ಕಡೆಗೆ ಎಲ್ಲಾ ಸರಿದು ಪಿಯಾನೊ ಉಳಿಯುತ್ತೆ.

ಅಂದ ಹಾಗೆ, ಉಬ್ಬರ ಬರೋದು ಅರ್ಧ ದಾಟಿದ ಮೇಲೆ. ಮೊದಲಿಂದ ಹಿಡಿದರೆ ಮದುಮಗ ವೇದಿಕೆ ಹತ್ತಿ ಫೋಟೊಗೆ ನಿಂತ ಮೇಲೆ ಕಹಳೆ ಮೊಳಗುತ್ತೆ.

ಬಿಳಿಮನೆ_ಕಪ್ಪುಮನೆ:
ಸರ್, ನಾನು ಇ ಮೈನರ್ ಪಕ್ಷ. ಎರಡನೇ ಕಾರ್ಡ್ ಬಂದಾಗಲೇ ನನಗೆ ಭಾರ ಇಳಿದ ಹಾಗಾಗೋದು. ಫೋನಲ್ಲಿ ತಂಬೂರಿ ಹಾಕ್ಕೊಂಡು ಎ, ಇ, ಜಿ ಮೂರಕ್ಕೂ ಇಟ್ಟು ನೋಡಿದೆ. ಜಿ ಹಾಕಿದಾಗ ಮಾತ್ರ ಯಾರೋ ಪಕ್ಕದ ಮನೆಯವರು ನುಡಿಸಿದ ಹಾಗಿತ್ತು.

ಒಂಟಿಕೊಪ್ಪಲ್_ಕ್ಲಾರಿನೆಟ್:
ಇರಲಿ ಬಿಡಮ್ಮ. ನನ್ನದು ಬಿ ಫ್ಲ್ಯಾಟ್ ಕ್ಲಾರಿನೆಟ್, ಬರೆದಿದ್ದಕ್ಕಿಂತ ಒಂದು ಸ್ವರ ಕೆಳಗೆ ಕೇಳಿಸುತ್ತೆ, ಎ ಮೈನರ್ ಕೇಳಿಸಬೇಕಾದರೆ ಹಾಳೇಲಿ ಬಿ ಮೈನರ್ ಬರ್ಕೋಬೇಕು. ಹೆಸರಿಗೆ ನಾನು ಜಗಳ ಆಡಲ್ಲ.

ಮಂಡ್ಯ_ಕೀಬೋರ್ಡ್:
ನೆನ್ನೆ ಕಾರ್ಯಕ್ರಮ ಮುಗೀತು. ಪಿಟೀಲಿನವ್ರು ತಂತಿ ಎ-ಇ-ಎ-ಇಗೆ ಏರಿಸ್ಕೊಂಡ್ರು, “ಈಗ ಸರಿಹೋಯ್ತು ನೋಡು” ಅಂದ್ರು, ಗಮಕ ಹಾಕೇ ಹಾಕಿದ್ರು. 60ಕ್ಕೆ ಇಟ್ವಿ. ಮದುಮಗನ್ನ ಬಾಗ್ಲಲ್ಲೇ ಎರಡು ನಿಮಿಷ ನಿಲ್ಸಿ ಆಮೇಲೆ ಬಿಟ್ವಿ, ಉಬ್ಬರ ಸರಿಯಾಗಿ ಹೂವಿನ ಕಮಾನಿನ ಹತ್ರ ಸಿಕ್ತು. ಸೋದರಮಾವ ಬಾಯಿ ಬಿಡ್ಲಿಲ್ಲ. ಕೊನೇ ಪಿಯಾನೊ ಮಾತ್ರ ಯಾರಿಗೂ ಕೇಳ್ಸಿಲ್ಲ ಸಾರ್. ಕೆಳಗೆ ಎಲೆ ಹಾಕ್ತಾವ್ರೆ ಅಂತ ಯಾರೋ ಅಂದ್ರು, ಅರ್ಧ ಛತ್ರ ಎದ್ದೋಯ್ತು.