ಪದ ಬೇಕು, ಸೋಮವಾರದೊಳಗೆ: ‘ಇನ್‌ಫಾರ್ಮ್ಡ್ ಕನ್ಸೆಂಟ್’ಗೆ ಮಾಣಿಗೂ ತಿಳಿಯುವ ಕನ್ನಡ

ಗುರುವಾರ ರಾತ್ರಿ, ಮಾಟುಂಗದಿಂದ

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಿದೆ, ಸ್ವಲ್ಪ ಅರ್ಜೆಂಟು.

ನಾನು ಮ್ಯಾನೇಜ್‌ಮೆಂಟ್ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಧಣಿಗಳೂ ಕೆಲಸದವರೂ ಯಾವುದನ್ನು ಸರಿ ಅನ್ನುತ್ತಾರೆ, ಯಾವುದನ್ನು ತಪ್ಪು ಅನ್ನುತ್ತಾರೆ ಅನ್ನೋದು ನನ್ನ ವಿಷಯ. ಅಂಕಿಸಂಖ್ಯೆಯ ಸರ್ವೆ ಅಲ್ಲ. ಒಬ್ಬೊಬ್ಬರ ಜೊತೆ ಗಂಟೆಗಟ್ಟಲೆ ಕೂತು ಮಾತಾಡಿ, ಬರೆದುಕೊಂಡು, ಆ ಮಾತಿನೊಳಗೆ ಏನಿದೆ ಅಂತ ನೋಡುವ ಕೆಲಸ. ಟಿಪ್ಸು ಯಾರಿಗೆ ಸೇರಬೇಕು, ಗಿರಾಕಿ ಬೈದರೂ ನಗುತ್ತಲೇ ಇರಬೇಕಾ, ಇಂಥ ಪ್ರಶ್ನೆಗಳು. 1983ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ ವಿಮಾನದ ಪರಿಚಾರಕಿಯರ ನಗುವನ್ನೂ ದುಡಿಮೆಯ ಲೆಕ್ಕಕ್ಕೆ ತಂದರು. ನಮ್ಮ ಮಾಣಿಯ ನಗುವೂ ಹಾಗೇ ಅಂತ ನನಗೆ ಅನ್ನಿಸುತ್ತದೆ.

ಈಗ ಸರ್ವಿಸ್ ಚಾರ್ಜಿನ ಮಾತೂ ಬರುತ್ತದೆ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆ ದುಡ್ಡು ತಮ್ಮ ಕೈಗೆ ಬರುತ್ತಿತ್ತೋ ಇಲ್ಲವೋ ಅಂತ ಕೆಲಸದವರನ್ನು ಕೇಳಿದರೆ, ಉತ್ತರ ಕೊಡುವ ಮೊದಲು ಅವರು ಗಲ್ಲಾದ ಕಡೆ ನೋಡುತ್ತಾರೆ. ಹಾಗಾಗಿ ಮಾತು ಶುರು ಮಾಡುವ ಮೊದಲು ಒಂದು ಕಾಗದ ಓದಿಸಿ ಸಹಿ ಪಡೆಯಬೇಕು. ಇದು ಏತಕ್ಕೆ, ಯಾರು ಓದುತ್ತಾರೆ, ಬೇಡ ಅನ್ನಿಸಿದರೆ ಏನು ಮಾಡಬಹುದು, ಎಲ್ಲವನ್ನೂ ತಿಳಿದುಕೊಂಡು ಒಪ್ಪಿದ್ದೇನೆ ಅನ್ನುವ ಕಾಗದ. ಇದಕ್ಕೇ ಇಂಗ್ಲಿಷಿನಲ್ಲಿ ‘ಇನ್‌ಫಾರ್ಮ್ಡ್ ಕನ್ಸೆಂಟ್’ ಅನ್ನುವುದು. ಕಾಲೇಜಿನ ಎಥಿಕ್ಸ್ ಕಮಿಟಿಗೆ ಸೋಮವಾರ ಅದರ ಕನ್ನಡ ಪ್ರತಿ ಕೊಡಬೇಕು. ಮರಾಠಿಯಲ್ಲಿ ‘ಸಂಮತಿಪತ್ರ’ ಅಂತ ಆಗಲೇ ತಯಾರಾಗಿದೆ. ಕನ್ನಡದಲ್ಲಿ ನಾನು ‘ಒಪ್ಪಿಗೆ ಪತ್ರ’ ಅಂತ ಹಾಕಿದ್ದೆ.

ಹೋದ ವಾರ ಒಬ್ಬ ಹಿರಿಯರಿಗೆ ಅದನ್ನು ತೋರಿಸಿದೆ. ಕುಂದಾಪುರದ ಕಡೆಯವರು, ಮೂವತ್ತು ವರ್ಷದಿಂದ ಸಪ್ಲೈ ಮಾಡುತ್ತಿದ್ದಾರೆ. ಹುಡುಗರಾಗಿದ್ದಾಗ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರು, ಸರಾಗವಾಗಿ ಓದುತ್ತಾರೆ. ತಲೆಬರಹ ಓದಿ ಕಾಗದ ಮಡಚಿ ವಾಪಸ್ ಕೊಟ್ಟರು. ‘ನಾ ಎಂತ ತಪ್ಪ್ ಮಾಡಿದೆ ಅಂತ ಒಪ್ಕಂಬುದು ಮಗಾ?’

ಆಮೇಲೆ ಗೊತ್ತಾಯಿತು. ಹಿಂದೆ ಕೆಲಸಕ್ಕಿದ್ದ ಕಡೆ ಗಲ್ಲಾದಲ್ಲಿ ದುಡ್ಡು ಕಡಿಮೆ ಬಿದ್ದಾಗ ಅವರಿಂದ ಒಂದು ಕಾಗದ ಬರೆಸಿಕೊಂಡಿದ್ದರಂತೆ. ತಪ್ಪೊಪ್ಪಿಗೆ. ಕದ್ದವನು ಬೇರೆ ಅಂತ ತಿಂಗಳ ಮೇಲೆ ಗೊತ್ತಾಯಿತಂತೆ. ಆ ಕಾಗದ ಮಾತ್ರ ವಾಪಸ್ ಬರಲಿಲ್ಲ.

ಅವರ ಮುಂದೆ ಇಡಬಹುದಾದ ಪದ ಬೇಕು. ಓದಿ ಹೇಳಿದರೆ ಕಿವಿಗೇ ತಿಳಿಯಬೇಕು.

ಶುಕ್ರವಾರ ಬೆಳಿಗ್ಗೆ, ಪುಣೆಯಿಂದ

ಮೇಡಂ, ಹೊಸ ಪದ ಬೇಕಾಗಿಯೇ ಇಲ್ಲ. ‘ಒಪ್ಪು’ ಅಚ್ಚಗನ್ನಡ ಧಾತು. ಹಳಗನ್ನಡದಲ್ಲಿ ಚೆಲುವಾಗಿ ಹೊಂದು, ಸೊಗಯಿಸು ಎಂಬ ಅರ್ಥದಲ್ಲಿ ಎಲ್ಲೆಲ್ಲೂ ಸಿಗುತ್ತದೆ. ಒಪ್ಪ ಓರಣ ಅನ್ನುವಾಗ ಇಂದಿಗೂ ಉಳಿದಿರುವುದು ಅದೇ. ಇನ್ನೊಂದು ವಿಷಯ ಬಹಳ ಜನ ಮರೆತಿದ್ದಾರೆ. ಶಾಸನಗಳ ಕೊನೆಯಲ್ಲಿ ‘ಒಪ್ಪ’ ಅಂತ ಬರುತ್ತದೆ. ಅಂದರೆ ಸಹಿ. ವಿಜಯನಗರದ ತಾಮ್ರಪಟಗಳನ್ನು ನೋಡಿ. ಪಾಠ ಸಂಸ್ಕೃತ, ಲಿಪಿ ನಾಗರಿ. ಆದರೆ ಕೊನೆಗೆ ರಾಜನ ಒಪ್ಪ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಅಕ್ಷರದಲ್ಲಿ. ಮಲಯಾಳದವರು ಸಹಿಗೆ ಇಂದಿಗೂ ‘ಒಪ್ಪ್’ ಅನ್ನುತ್ತಾರೆ. ನಾವು ನಮ್ಮದನ್ನು ಬಿಟ್ಟು ಅರಬ್ಬೀ ಮೂಲದ ‘ಸಹಿ’ ಹಿಡಿದುಕೊಂಡೆವು.

ನನ್ನ ಸಲಹೆ ‘ಅರಿತೊಪ್ಪಿಗೆ’. ಕಾಗದದ ಕೆಳಗೆ ‘ಸಹಿ’ ತೆಗೆದು ‘ಒಪ್ಪ’ ಹಾಕಿ. ಒಬ್ಬರು ತಪ್ಪು ತಿಳಿದರು ಅಂತ ಪದವನ್ನೇ ಕೈಬಿಡುವುದು ಸರಿಯಲ್ಲ.

ಶುಕ್ರವಾರ ಮಧ್ಯಾಹ್ನ, ಠಾಣೆಯಿಂದ

‘ಅರಿತೊಪ್ಪಿಗೆ’ ಯಾರ ಬಾಯಲ್ಲೂ ಇಲ್ಲ. ಬೇಡ.

ನಾನು ಧಾರವಾಡದ ಕಡೆಯವನು. ನಮ್ಮಲ್ಲಿ ‘ನನಗ ಕಬೂಲ್ ಅದ’ ಅಂದರೆ ಕೂಸಿಗೂ ತಿಳಿಯುತ್ತದೆ. ಮುಂಬೈಯಲ್ಲಂತೂ ಮರಾಠಿಯವರಿಗೂ ಹಿಂದಿಯವರಿಗೂ ಅದೇ ಪದ. ‘ಕಬೂಲಿ ಪತ್ರ’ ಅಂತ ಹಾಕಿಬಿಡಿ. ಕರಾರು, ಜಾಮೀನು, ತಕರಾರು, ವಕೀಲ ಎಲ್ಲವೂ ಹೊರಗಿನಿಂದ ಬಂದವೇ. ಅವುಗಳಿಂದ ಕನ್ನಡ ಕೆಟ್ಟಿಲ್ಲ.

ಶುಕ್ರವಾರ ಮಧ್ಯಾಹ್ನ, ಪುಣೆಯಿಂದ

ಕಬೂಲಿ ಅಂದರೆ ಗುನ್ನೆ ಕಬೂಲಿ, ಅಪರಾಧ ಒಪ್ಪಿಕೊಳ್ಳುವುದು. ಆ ಹಿರಿಯರಿಗೆ ಬೇಡವಾದದ್ದೇ ಅದು. ಪ್ರಶ್ನೆ ಓದಿ ಉತ್ತರ ಬರೆಯಿರಿ.

ಶುಕ್ರವಾರ ಸಂಜೆ, ವಾಸ್ಕೋದಿಂದ

ನಾನು ಆಸ್ಪತ್ರೆಗಳ, ಔಷಧ ಪ್ರಯೋಗಗಳ ಫಾರ್ಮುಗಳನ್ನು ಕನ್ನಡಕ್ಕೆ ಮಾಡಿಕೊಡುತ್ತೇನೆ. ಗೋವಾದಲ್ಲಿ ನಮ್ಮ ಉತ್ತರ ಕರ್ನಾಟಕದ ಕೂಲಿಯವರು ಜಾಸ್ತಿ, ಹಾಗಾಗಿ ಕನ್ನಡ ಪ್ರತಿ ಬೇಕಾಗುತ್ತದೆ. ಅಲ್ಲಿ ನಡೆಯುವ ಪದ ‘ಸಮ್ಮತಿ’. ‘ಮಾಹಿತಿಯುತ ಸಮ್ಮತಿ’ ಅಂತಲೂ ಬರೆಯುತ್ತಾರೆ. ಅದು ನನಗೂ ಇಷ್ಟವಿಲ್ಲ. ಓದುವವರ ಕಣ್ಣು ಅಲ್ಲಿಗೇ ನಿಂತುಬಿಡುತ್ತದೆ.

ಈ ಮಾತಿನ ಹಿಂದೆ ನೋವಿನ ಕಥೆಯಿದೆ, ಅದನ್ನು ಮರೆಯಬಾರದು. ಸೆರೆಯಾಳುಗಳ ಮೇಲೆ ಪ್ರಯೋಗ ಮಾಡಿದ ನಾಜಿ ವೈದ್ಯರ ವಿಚಾರಣೆ ಮುಗಿದ ಮೇಲೆ, 1947ರ ನ್ಯೂರೆಂಬರ್ಗ್ ಸಂಹಿತೆಯಲ್ಲಿ ಮೊದಲ ಸಾಲೇ ಮನಸಾರೆ ಕೊಟ್ಟ ಒಪ್ಪಿಗೆಯ ಬಗ್ಗೆ. ‘ಇನ್‌ಫಾರ್ಮ್ಡ್’ ಅನ್ನುವ ವಿಶೇಷಣ ಅಮೆರಿಕದ ಕೋರ್ಟಿನ ಮಾತಿಗೆ ಬಂದದ್ದು ಕ್ಯಾಲಿಫೋರ್ನಿಯಾದ 1957ರ ಒಂದು ತೀರ್ಪಿನಿಂದ. 1964ರಲ್ಲಿ, ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆ ಹೇಗಿರಬೇಕು ಅನ್ನುವ ಹೆಲ್ಸಿಂಕಿ ಘೋಷಣೆ ಬಂತು. ನಮ್ಮ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿಯೂ ಅದೇ ದಾರಿ ಹಿಡಿದಿದೆ. ಬೇಕೆಂದಾಗ ಬಿಟ್ಟು ಹೋಗಬಹುದು, ಬಿಟ್ಟದ್ದಕ್ಕೆ ಯಾವ ನಷ್ಟವೂ ಆಗಕೂಡದು. ಇಷ್ಟೆಲ್ಲ ಒಂದು ಪದದಲ್ಲಿ ಹಿಡಿಸುವುದಿಲ್ಲ. ಸಾಲುಗಳಲ್ಲೇ ಹೇಳಬೇಕು.

ಒಂದು ಎಚ್ಚರಿಕೆ. ‘ಅನುಮತಿ’ ಮಾತ್ರ ಹಾಕಬೇಡಿ. ಅನುಮತಿ ಮೇಲಿನವರು ಕೊಡುವುದು. ಹೋಟೆಲಿನೊಳಗೆ ಬರಲು ನಿಮಗೆ ಅನುಮತಿ ಕೊಡುವವರು ಧಣಿ. ಮಾತಾಡಲು ಒಪ್ಪುವವರು ಕೆಲಸದವರು. ಎರಡೂ ಕಾಗದಕ್ಕೆ ಒಂದೇ ಪದ ಹಾಕಿದರೆ, ‘ಧಣಿ ಆಗಲೇ ಕೊಟ್ಟಾಯ್ತಲ್ಲ, ನನ್ನದೇನಿದೆ’ ಅಂತ ಕೆಲಸದವರು ಸುಮ್ನೆ ಸಹಿ ಹಾಕಿಬಿಡುತ್ತಾರೆ. ನಿಮ್ಮ ಸಂಶೋಧನೆಗೆ ಇದಕ್ಕಿಂತ ದೊಡ್ಡ ಕೇಡು ಬೇರೆ ಇಲ್ಲ.

ಶುಕ್ರವಾರ ಸಂಜೆ, ಪುಣೆಯಿಂದ

ಸಮ್ಮತಿ ಸಂಸ್ಕೃತ. ಅಚ್ಚಗನ್ನಡ ಇರುವಾಗ ಬೇಡ. ‘ಮಾಹಿತಿ’ ಮರಾಠಿಯಿಂದ ಬಂದದ್ದು, ಅದೂ ಬೇಡ. ‘ಅರಿತೊಪ್ಪಿಗೆ’ ಹಿಡಿಸದಿದ್ದರೆ ‘ತಿಳಿಯೊಪ್ಪಿಗೆ’ ನೋಡಿ. ತಿಳಿನೀರು, ತಿಳಿಗೊಳ ಅನ್ನುವಾಗ ಇರುವ ನಿರ್ಮಲ ಅನ್ನುವ ಅರ್ಥವೂ ಸೇರಿಕೊಳ್ಳುತ್ತದೆ.

ಶುಕ್ರವಾರ ರಾತ್ರಿ, ಠಾಣೆಯಿಂದ

ಹೋಟೆಲಿನಲ್ಲಿ ‘ತಿಳಿ’ ಅಂದರೆ ತಿಳಿಸಾರು. ಬೇಡ.

ಇನ್ನು ಪುಣೆಯ ಹಿರಿಯರಿಗೆ ಒಂದು ಮಾತು. ಮುಂಬೈಯ ಕನ್ನಡಿಗರು ತಿಂಗಳ ಕೊನೆಗೆ ಎಣಿಸಿಕೊಳ್ಳುವುದು ಪಗಾರ. ಅದು ಪೋರ್ಚುಗೀಸರ ಪದ. ಬಾಗಿಲು ತೆಗೆಯುವ ಚಾವಿಯೂ ಅವರದೇ. ವಡಾ ಮಾಡುವ ಬಟಾಟೆ, ಅದನ್ನು ಇಡುವ ಪಾವ್, ಅವೂ ಅವರವೇ. ಇವನ್ನೆಲ್ಲ ಬಿಟ್ಟು ಈ ಊರಿನಲ್ಲಿ ಒಂದು ದಿನ ಕನ್ನಡ ಮಾತಾಡಿ ತೋರಿಸಿ.

ಶುಕ್ರವಾರ ರಾತ್ರಿ, ಪುಣೆಯಿಂದ

ಪಗಾರ ಯಾಕೆ? ‘ಸಂಬಳ’ ಇಲ್ಲವೇ?

ಶುಕ್ರವಾರ ರಾತ್ರಿ, ವಾಸ್ಕೋದಿಂದ

ಸಂಬಳವೂ ಸಂಸ್ಕೃತದ ‘ಶಂಬಲ’ದ ತದ್ಭವ ಸಾರ್. ದಾರಿಬುತ್ತಿ ಅಂತ ಅರ್ಥ. ಈ ಜಗಳವನ್ನು ಬೇರೆ ಕಡೆ ಆಡೋಣ. ಆ ಹುಡುಗಿಗೆ ಸೋಮವಾರ ಕಾಗದ ಕೊಡಬೇಕಿದೆ, ಅಲ್ವಾ?

ಶನಿವಾರ ಬೆಳಿಗ್ಗೆ, ಡೊಂಬಿವಲಿಯಿಂದ

ನಾನು ಬಹಳ ವರ್ಷ ರಾತ್ರಿಶಾಲೆಯಲ್ಲಿ ಪಾಠ ಮಾಡಿದವನು. ಎದುರಿಗೆ ಕೂರುತ್ತಿದ್ದವರು ಇಂಥ ಮಾಣಿಗಳೇ. ದಿನವೆಲ್ಲ ಟೇಬಲ್ ಒರೆಸಿ ರಾತ್ರಿ ಬಂದು ವ್ಯಾಕರಣ ಕಲಿಯುತ್ತಿದ್ದರು. ಆ ಹಿರಿಯರು ಪದವನ್ನು ತಪ್ಪು ತಿಳಿದಿಲ್ಲ. ನೀವು ಬರೆದದ್ದನ್ನು ಸರಿಯಾಗಿಯೇ ಓದಿದ್ದಾರೆ.

ವಿಭಕ್ತಿ ನೋಡಿ. ಕೆಲಸಕ್ಕೆ ಒಪ್ಪಿದ. ಮದುವೆಗೆ ಒಪ್ಪಿದಳು. ‘ಗೆ’, ‘ಕ್ಕೆ’ ಅನ್ನುವ ಚತುರ್ಥಿ ಬಂದರೆ ಮುಂದೆ ಮಾಡಲಿರುವುದಕ್ಕೆ ಮನಸ್ಸು ಕೊಟ್ಟಂತೆ. ತಪ್ಪನ್ನು ಒಪ್ಪಿಕೊಂಡ. ಸಾಲವನ್ನು ಒಪ್ಪಿಕೊಂಡ. ‘ಅನ್ನು’ ಅನ್ನುವ ದ್ವಿತೀಯೆ ಬಂದು ಜೊತೆಗೆ ‘ಕೊಳ್ಳು’ ಸೇರಿದರೆ ಆಗಿಹೋದದ್ದನ್ನು ತಲೆಯ ಮೇಲೆ ಹೊತ್ತಂತೆ. ಬರೀ ‘ಒಪ್ಪಿಗೆ ಪತ್ರ’ ಅಂದರೆ ವಿಭಕ್ತಿ ಹಾರಿಹೋಗುತ್ತದೆ. ಆ ಖಾಲಿ ಜಾಗವನ್ನು ಓದುವವನು ತಾನು ಕಂಡ ಬದುಕಿನಿಂದ ತುಂಬಿಕೊಳ್ಳುತ್ತಾನೆ. ಆ ಹಿರಿಯರು ತುಂಬಿಕೊಂಡದ್ದು ‘ತಪ್ಪನ್ನು’ ಅಂತ.

ಪದ ಬದಲಿಸಬೇಡಿ. ‘ಯಾವುದಕ್ಕೆ’ ಅನ್ನುವುದನ್ನು ಮುಂದೆ ಹಾಕಿ. ‘ಮಾತುಕತೆಗೆ ಒಪ್ಪಿಗೆ’.

ಶನಿವಾರ ಬೆಳಿಗ್ಗೆ, ಪುಣೆಯಿಂದ

‘ಸಲಹೆಯನ್ನು ಒಪ್ಪಿಕೊಂಡ’ ಅನ್ನುತ್ತೇವೆ. ಅಲ್ಲಿ ತಪ್ಪೆಲ್ಲಿದೆ? ನಿಮ್ಮ ನಿಯಮ ನಿಲ್ಲುವುದಿಲ್ಲ.

ಶನಿವಾರ ಬೆಳಿಗ್ಗೆ, ಡೊಂಬಿವಲಿಯಿಂದ

ದ್ವಿತೀಯೆಯಲ್ಲಿ ಯಾವಾಗಲೂ ತಪ್ಪೇ ಇರುತ್ತದೆ ಅಂತ ನಾನು ಹೇಳಿಲ್ಲ. ಚತುರ್ಥಿಯಲ್ಲಿ ತಪ್ಪೊಪ್ಪಿಗೆಯ ಅರ್ಥ ಬರುವ ಒಂದೇ ಒಂದು ವಾಕ್ಯ ತೋರಿಸಿ.

ಭಾನುವಾರ ರಾತ್ರಿ, ಮಾಟುಂಗದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರಿಗೆ ವಿಶೇಷವಾಗಿ. ನಾನು ನಾಲ್ಕು ದಿನದಿಂದ ಹೆಸರುಪದ ಹುಡುಕುತ್ತಿದ್ದೆ. ಬೇಕಾಗಿದ್ದದ್ದು ಒಂದು ‘ಗೆ’.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ಊಟದ ಗದ್ದಲ ಇಳಿದ ಮೇಲೆ, ಅದೇ ಹಿರಿಯರ ಹತ್ತಿರ ಹೋದೆ. ಹೊಸ ಕಾಗದದಲ್ಲಿ ಹೀಗಿತ್ತು:

‘ಮಾತುಕತೆಗೆ ನನ್ನ ಒಪ್ಪಿಗೆ. ಇದು ಏತಕ್ಕೆ ಎಂದು ನನಗೆ ತಿಳಿಸಿದ್ದಾರೆ. ಕೇಳಬೇಕಾದ್ದನ್ನು ಕೇಳಿ ತಿಳಿದುಕೊಂಡಿದ್ದೇನೆ. ಮಾತಾಡಲು ನಾನೇ ಒಪ್ಪಿದ್ದೇನೆ, ಯಾರ ಒತ್ತಾಯವೂ ಇಲ್ಲ. ಬೇಡ ಅನ್ನಿಸಿದ ಪ್ರಶ್ನೆಗೆ ಸುಮ್ಮನಿರಬಹುದು, ಮಾತನ್ನು ನಡುವೆಯೇ ನಿಲ್ಲಿಸಬಹುದು. ಇದರಿಂದ ನನ್ನ ಕೆಲಸಕ್ಕೂ ಪಗಾರಕ್ಕೂ ತೊಂದರೆ ಆಗುವುದಿಲ್ಲ.’

ಪುಣೆಯ ಸಾರ್ ಬೇಸರ ಮಾಡಿಕೊಳ್ಳಬಾರದು, ಪಗಾರ ಹಾಗೇ ಇಟ್ಟೆ. ಅಲ್ಲಿ ಎಲ್ಲರೂ ಹೇಳುವುದು ಅದನ್ನೇ. ಸಹಿಯ ಜಾಗದಲ್ಲಿ ‘ಒಪ್ಪ’ ಅಂತಲೂ ಹಾಕಲಿಲ್ಲ. ಆದರೆ ಶಾಸನದ ವಿಷಯವನ್ನು ಆ ಹಿರಿಯರಿಗೆ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. ‘ಒಪ್ಪ ಅಂದ್ರೆ ಚಂದ ಅಂತಲೂ ಇತ್ತ್ ಅಲ್ದಾ’ ಅಂತ ಎರಡು ಸಲ ಹೇಳಿದರು.

ತಲೆಬರಹಕ್ಕೆ ಈ ಸಲ ತಕರಾರು ಇರಲಿಲ್ಲ. ಪೂರ್ತಿ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ‘ಇದನ್ನ ಧಣಿ ಹೇಳ್ಕ್. ನೀ ಹೇಳುಕಾತ್ತಾ?’

ನನಗೆ ಮಾತೇ ಹೊರಡಲಿಲ್ಲ. ಅವರ ಕೆಲಸ ಉಳಿಯುತ್ತದೆ ಅಂತ ಭರವಸೆ ಕೊಡಲು ನಾನು ಯಾರು? ಕಾಲೇಜಿನ ಮಾದರಿಯಲ್ಲಿ ಆ ಸಾಲು ಇತ್ತು ಅಂತ ಅನುವಾದ ಮಾಡಿದ್ದೆ, ಅಷ್ಟೇ. ಔಷಧ ಪ್ರಯೋಗದಲ್ಲಿ ವೈದ್ಯರು ‘ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ’ ಅಂದರೆ ಅದು ಅವರ ಕೈಯಲ್ಲಿರುವ ಮಾತು. ಇಲ್ಲಿ ಕೈ ಬೇರೆಯವರದು. ಆ ಸಾಲು ಹೊಡೆದುಹಾಕಿದೆ. ಅದರ ಬದಲು ನಾನು ಉಳಿಸಿಕೊಳ್ಳಬಹುದಾದ ಮಾತನ್ನು ಬರೆದೆ: ‘ನಾನು ಹೇಳಿದ್ದನ್ನು ಇವರು ಧಣಿಗೆ ಹೇಳುವುದಿಲ್ಲ. ಬರೆಯುವಾಗ ನನ್ನ ಹೆಸರನ್ನೂ ಹೋಟೆಲಿನ ಹೆಸರನ್ನೂ ಹಾಕುವುದಿಲ್ಲ.’ ಕೆಲಸದ ಸಾಲನ್ನು ಧಣಿಯ ಅನುಮತಿ ಪತ್ರಕ್ಕೆ ಸೇರಿಸಿದ್ದೇನೆ, ಅವರೇ ಸಹಿ ಹಾಕಲಿ ಅಂತ. ಎರಡು ಕಾಗದ, ಎರಡು ಪದ ಅನ್ನುವ ವಾಸ್ಕೋದ ಅಕ್ಕನ ಮಾತು ಇಲ್ಲಿ ಕೈಹಿಡಿಯಿತು. ಹಿರಿಯರು ಕಾಗದವನ್ನು ಇನ್ನೊಮ್ಮೆ ಓದಿ, ಟೇಬಲ್ ಒರೆಸಿ, ಅದರ ಮೇಲಿಟ್ಟು ಸಹಿ ಹಾಕಿದರು.

ಇನ್ನೊಂದು ಸಹಾಯ ಬೇಕು. ಕನ್ನಡ ಓದಲು ಬರದ, ತುಳು ಮಾತ್ರ ಆಡುವ ನಾಲ್ವರು ಅಡುಗೆಮನೆಯಲ್ಲಿದ್ದಾರೆ. 2023ರ ಡಿಜಿಟಲ್ ಡೇಟಾ ರಕ್ಷಣೆಯ ಕಾಯ್ದೆಯಲ್ಲಿ ಇಂಗ್ಲಿಷ್ ಬಿಟ್ಟರೆ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ನೋಟಿಸು ಕೊಡಿ ಅಂತಿದೆ. ಅದರಲ್ಲಿ ಕನ್ನಡ ಇದೆ, ತುಳು ಇಲ್ಲ. ಹಾಗಂತ ಅವರನ್ನು ಬಿಡಲು ಆಗುವುದಿಲ್ಲ. ಓದಿ ಹೇಳಿ, ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ‘ಮಾತನ್ನು ನಡುವೆಯೇ ನಿಲ್ಲಿಸಬಹುದು’ ಅನ್ನುವುದನ್ನು, ಬೈದಂತೆ ಕೇಳಿಸದ ಹಾಗೆ ತುಳುವಿನಲ್ಲಿ ಹೇಗೆ ಹೇಳುವುದು? ಮನೆಯಲ್ಲಿ ತುಳು ಆಡುವವರು ಯಾರಾದರೂ ನಾಳೆ ಬೆಳಿಗ್ಗೆ ಹತ್ತರೊಳಗೆ ಬರೆದು ಕಳಿಸಿ. ಹನ್ನೊಂದಕ್ಕೆ ಪ್ರಿಂಟ್ ತೆಗೆಸಬೇಕು.