ಮಳಿ ಹತ್ತಿದಾಗಿಂದ ಗಿಟಾರ್ ಆಕ್ಷನ್ (ತಂತಿ ಎತ್ತರ) ಏರೇತಿ, ಸೆಟಪ್ ಮಾಡಿಸಿದ ಮ್ಯಾಲೆ ಬಝ್ ಬ್ಯಾರೆ (ಧಾರವಾಡ)

ಆರುತಂತಿ_ಸಪ್ತಾಪುರ | ಜುಲೈ 9, ರಾತ್ರಿ 10:42

ಎಲ್ಲಾರಿಗೂ ನಮಸ್ಕಾರ. ತಲಿ ಕೆಟ್ಟು ಹೋಗೇತಿ, ಅದಕ್ಕ ಬರಿಯಾಕತ್ತೇನಿ.

ಎರಡು ವರ್ಷ ರೊಕ್ಕ ಕೂಡಿಸಿ ಈ ಜನವರಿಯೊಳಗ ಗಿಟಾರ್ ತಗೊಂಡೆ. ಬ್ಯಾಸಗಿ ಮುಗಿಯೂತನಾ ಎಷ್ಟ್ ಛಲೋ ಇತ್ತಂದ್ರ, ಕೈಯಾಗಿಂದ ಕೆಳಗ ಇಡಾಕ ಮನಸ್ಸಾಗ್ತಿರಲಿಲ್ಲ. ಮಳಿ ಶುರು ಆಗಿ ಮೂರು ವಾರಕ್ಕ ತಂತಿ ಎತ್ತರಕ್ಕ ಎದ್ದು ನಿಂತಾವು. ಎಫ್ ಹಿಡಿದ್ರ ಬೆರಳು ಕಡದಂಗ ಆಗ್ತೈತಿ. ಇಲ್ಲೇ ಒಂದು ಅಂಗಡ್ಯಾಗ 600 ರೂಪಾಯಿ ಕೊಟ್ಟು ಸೆಟಪ್ (ತಂತಿ, ನೆಕ್ ಹದ) ಮಾಡಿಸಿದೆ. ಎರಡು ದಿನ ಅಡ್ಡಿಯಿಲ್ಲ ಅನಿಸ್ತು. ಈಗ ನೆಕ್ಕಿನ ಅಡ್ಡಪಟ್ಟಿ, ಅಂದ್ರ ಫ್ರೆಟ್, ಅದರಾಗ ಮ್ಯಾಲಿನ ಫ್ರೆಟ್‌ನ್ಯಾಗ ಎತ್ತರ ಹಂಗ ಐತಿ, ನಟ್ (ತಲಿ ಕಡೆ ತಂತಿ ಕೂಡ್ರೂ ಪಟ್ಟಿ) ಕಡೆ ಮೊದಲನೇ ಎರಡನೇ ಫ್ರೆಟ್‌ನ್ಯಾಗ ಝರ್ ಅಂತ ಬಝ್ ಬರಾಕತ್ತೇತಿ. ದನಿನೂ ಸತ್ತೇತಿ, ಕಂಬಳಿ ಹೊಚ್ಚಿ ಬಾರಿಸಿದಂಗ ಕೇಳ್ತೈತಿ.

ಬಿದ್ದಿಲ್ಲ, ಬಿಸಲಿಗೆ ಇಟ್ಟಿಲ್ಲ, ಕೇಸ್ ಬಿಟ್ಟು ಹೊರಗ ಇಟ್ಟಿಲ್ಲ. ಜೋಪಾನ ಎಲ್ಲಾ ಬರೋಬರಿ ಮಾಡೇನಿ. ಮುಂದ ಏನ್ ಮಾಡ್ಲಿ ಹೇಳ್ರಿ.

ಕೇಶ್ವಾಪುರ_ಫಿಂಗರ್‌ಸ್ಟೈಲ್ | ರಾತ್ರಿ 11:05

ಟ್ರಸ್ ರಾಡ್, ನೆಕ್ಕಿನೊಳಗಿನ ಸರಳು. ನೂರಕ್ಕ ನೂರು ಅದ. ಸೆಟಪ್ ಮಾಡಿದವರು ಅರ್ಧಕ್ಕ ಬಿಟ್ಟಾರ. ಅಲೆನ್ ಕೀ ಹಾಕಿ ಇನ್ನೊಂದು ಕಾಲು ಸುತ್ತು ಬಲಕ್ಕ ತಿರುಗಿಸ್ರಿ. ಯಾವ ಮಾಡೆಲ್, ಯಾವ ಗೇಜ್ (ದಪ್ಪ) ತಂತಿ?

ಆರುತಂತಿ_ಸಪ್ತಾಪುರ | ರಾತ್ರಿ 11:11

12 ಗೇಜ್. ಮಾಡೆಲ್ ಯಾಕ ಬೇಕ್ರಿ, ಸಮಸ್ಯೆ ಹೇಳೇನಲ್ಲ.

ಗದಗ_ಕೆಂಪುಮಣ್ಣು | ರಾತ್ರಿ 11:30

ಟಾಪ್ (ಮುಂದಿನ ಹಲಗಿ) ಸಾಲಿಡ್ ಕಟಗಿನೋ, ಪ್ಲೈನೋ ಅಂತ ಗೊತ್ತಾಗಬೇಕಲ್ರಿ, ಅದಕ್ಕ ಕೇಳ್ತಾರ. ಪ್ಲೈ ಇದ್ರ ಹವಾಕ್ಕ ಇಷ್ಟ್ ಕುಣಿಯಂಗಿಲ್ಲ. ಸಾಲಿಡ್ ಸ್ಪ್ರೂಸ್ ಕಟಗಿ ಇದ್ರ ಗೆರಿಗೆ ಅಡ್ಡ ಹಿಗ್ಗತೈತಿ, ಕುಗ್ಗತೈತಿ.

ಆರುತಂತಿ_ಸಪ್ತಾಪುರ | ಜುಲೈ 10, ಮುಂಜಾನೆ 7:20

ಸಾಲಿಡ್ ಸ್ಪ್ರೂಸ್. ಹಿಂದ, ಬಾಜೂಕ ಪ್ಲೈ. ರಾಡ್ ರಾತ್ರೀನ ಕಾಲು ಸುತ್ತು ತಿರುಗಿಸಿದೆ. ಈಗ ಮೂರನೇ ಫ್ರೆಟ್‌ನ್ಯಾಗೂ ಬಝ್.

ಕೇಶ್ವಾಪುರ_ಫಿಂಗರ್‌ಸ್ಟೈಲ್ | ಮುಂಜಾನೆ 7:48

ಕಟಗಿ ಕೂಡಾಕ ಒಂದು ದಿನ ಬೇಕು. ಸಂಜಿಕ್ಕ ನೋಡ್ರಿ. ಆಗಲಿಲ್ಲಂದ್ರ ಇನ್ನೂ ಸ್ವಲ್ಪ ತಿರುಗಿಸಿ, ಸ್ಯಾಡಲ್ (ಬುಡದ ಕಡೆ ತಂತಿ ಕೂಡ್ರೂ ಪಟ್ಟಿ) ಅರ್ಧ ಮಿಲಿಮೀಟರ್ ತಿಕ್ಕಿ ಇಳಸ್ರಿ. ಮೂರು ಗಿಟಾರಿಗೆ ನಾನ ಮಾಡೇನಿ.

ಮಾಳಮಡ್ಡಿ_ತಂಬೂರಿ | ಮುಂಜಾನೆ 9:15

ನಮ್ಮ ಮನಿಯೊಳಗ ಮಿರಜದಿಂದ ತಂದ ತಂಬೂರಿ ಅದ, ನಮ್ಮ ಅತ್ತಿಯವರ ಕಾಲದ್ದು. ಎಷ್ಟ್ ಮಳಿಗಾಲ ಕಂಡದ, ಗೌಸಣಿಗಿ ಬಿಟ್ರ ಅದಕ್ಕ ಬ್ಯಾರೆ ಏನೂ ಮಾಡಿಲ್ಲ. ಶ್ರಾವಣದಾಗ ಮಾತ್ರ ಕಪಾಟಿನ ಕೆಳಗಿನ ಅಂಕಣದಾಗ ಹಳದಿ ಬಲ್ಬ್ ಹಚ್ಚಿಡ್ತೀವಿ. ತಮ್ಮಾ, ನೀನೂ ಅದನ್ನ ಮಾಡು. ಸ್ಕ್ರೂ ತಿರುವಲಿಕ್ಕೆ ಹೋಗಬ್ಯಾಡ.

ಕೇಶ್ವಾಪುರ_ಫಿಂಗರ್‌ಸ್ಟೈಲ್ | ಮುಂಜಾನೆ 9:40

ಅಕ್ಕಾರ, ತಂಬೂರಿ ಬ್ಯಾರೆ, ಗಿಟಾರ್ ಬ್ಯಾರೆ. ನಿಮ್ಮದು ನಾಕು ತಂತಿ. ಇಲ್ಲಿ ಆರು ತಂತಿ ಕೂಡಿ ಸುಮಾರು 70 ಕಿಲೋ ಜಗ್ಗತಾವು. ಟಾಪ್ ಇರೂದು ಮೂರು ಮಿಲಿಮೀಟರ್ ಒಳಗ.

ಮಾಳಮಡ್ಡಿ_ತಂಬೂರಿ | ಮುಂಜಾನೆ 9:52

ಎರಡೂ ಕಟಗೀನ ಅಲ್ಲೇನಪಾ. ಥಂಡಿ ಎರಡಕ್ಕೂ ಒಂದ.

ವಿದ್ಯಾಗಿರಿ_ರಿದಮ್ | ಮುಂಜಾನೆ 10:20

ಅಕ್ಕನವರು ಹೇಳಿದ ಬಲ್ಬಿನ ಉಪಾಯದಲ್ಲಿ ಹುರುಳಿದೆ. ಗಾಳಿಯಲ್ಲಿರುವ ನೀರು ಅಷ್ಟೇ ಇದ್ದರೂ, ಗಾಳಿ ನಾಲ್ಕೈದು ಡಿಗ್ರಿ ಬೆಚ್ಚಗಾದರೆ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ. ಆದರೆ ಅದು ಫಿಲಮೆಂಟ್ ಬಲ್ಬ್ ಆಗಿರಬೇಕು, ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ. ಗಿಟಾರಿಗೆ ಹತ್ತಿರ ಇಡಲೂಬಾರದು, ಬಿಸಿಗೆ ಬ್ರಿಡ್ಜಿನ (ತಂತಿ ಬಿಗಿದಿರುವ, ಟಾಪಿಗೆ ಅಂಟಿಸಿದ ತುಂಡು) ಅಂಟು ಸಡಿಲಾಗುತ್ತದೆ.

ನನ್ನ ಪ್ರಶ್ನೆ ಬೇರೆ. ಇಷ್ಟು ಉತ್ತರಗಳಲ್ಲಿ ಯಾರೂ ಆರ್ದ್ರತೆ ಎಷ್ಟಿದೆ ಅಂತ ಕೇಳಿಲ್ಲ. ಹೈಗ್ರೋಮೀಟರ್ ಇದೆಯಾ?

ಆರುತಂತಿ_ಸಪ್ತಾಪುರ | ಮಧ್ಯಾಹ್ನ 1:05

ಐತ್ರಿ, ಸಣ್ಣ ಡಿಜಿಟಲ್. ಖೋಲ್ಯಾಗ 72 ತೋರಸ್ತೈತಿ. ಮಳಿಗಾಲಕ್ಕ ಅಷ್ಟಿರೂದ ಅಲ್ಲೇನ್ರಿ, ಅದಕ್ಕ ಬರೀಲಿಲ್ಲ.

ವಿದ್ಯಾಗಿರಿ_ರಿದಮ್ | ಮಧ್ಯಾಹ್ನ 1:30

ಗಿಟಾರಿಗೆ ಬೇಕಾದ್ದು 45ರಿಂದ 55. ಆ ಮೀಟರನ್ನೂ ನಂಬುವ ಮೊದಲು ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಹಸಿ ಉಸುಕಿನ ಹದಕ್ಕೆ ಬರುವಷ್ಟು ಹನಿ ನೀರು ಬಿಡಿ. ಕರಗಿ ನೀರಾಗಬಾರದು. ಮುಚ್ಚಳ, ಮೀಟರ್ ಎರಡನ್ನೂ ಜಿಪ್ ಚೀಲದಲ್ಲಿ ಮುಚ್ಚಿ ಹನ್ನೆರಡು ತಾಸು ಬಿಡಿ. ಒಳಗೆ 75 ಆಗಿರುತ್ತದೆ. ಮೀಟರ್ ಎಷ್ಟು ತೋರಿಸುತ್ತದೋ ನೋಡಿ, ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಆಮೇಲೆ ಕೇಸಿನ ಒಳಗಿಟ್ಟು ನೋಡಿ.

ಹಾವೇರಿ_ಉಳಿಬಾಚಿ | ಮಧ್ಯಾಹ್ನ 2:10

ತಮ್ಮಾ, ಮೊದಲ ಆ ರಾಡಿನ ಕೀ ಡಬ್ಬ್ಯಾಗ ಹಾಕಿ ಮುಚ್ಚು.

ನಾನು ಮನಿ ಬಾಗಲಾ, ಕಿಡಕಿ ಮಾಡಾಂವ. ಹದಿನೈದು ವರ್ಷದಿಂದ ಗಿಟಾರ್ ರಿಪೇರಿನೂ ಮಾಡ್ತೇನಿ. ಟ್ರಸ್ ರಾಡ್ ಅನ್ನೂದು ನೆಕ್ಕಿನ ಬಾಗು ಹಿಡಿಯಾಕ ಇರೂದು. ಉಬ್ಬಿದ ಟಾಪ್ ಇಳಸಾಕ ಅಲ್ಲ. ಟಾಪ್ ಉಬ್ಬಿ ಬ್ರಿಡ್ಜ್ ಎತ್ತೇತಿ, ಅದಕ್ಕ ಹನ್ನೆರಡನೇ ಫ್ರೆಟ್‌ನ್ಯಾಗ ತಂತಿ ಎತ್ತರ. ಅಂಗಡ್ಯಾವ್ರು ಒಂದ್ ಸಲ, ನೀನ್ ಒಂದ್ ಸಲ ರಾಡ್ ಬಿಗಿ ಮಾಡಿ ನೆಕ್ ಸಪಾಟ್ ಮಾಡೀರಿ, ಅದಕ್ಕ ನಟ್ ಕಡೆ ಬಝ್. ಒಂದ ಗಿಟಾರಿನ್ಯಾಗ ಎತ್ತರನೂ ಬಝ್ಝೂ ಕೂಡೇ ಬಂದಾವು ಅಂದ್ರ ನನಗ ಮೊದಲ ಅನುಮಾನ ಬರೂದ ಇದು.

ನೋಡು, ಆರನೇ ತಂತಿ ಒಂದನೇ ಫ್ರೆಟ್‌ನ್ಯಾಗ ಒತ್ತು, ಇನ್ನೊಂದು ಕೈಲೆ ಹದಿನಾಲ್ಕನೇದ್ರಾಗ ಒತ್ತು. ಏಳನೇ ಫ್ರೆಟ್ ಮ್ಯಾಲೆ ತಂತಿಗೆ, ಫ್ರೆಟ್ಟಿಗೆ ನಡುವ ವಿಜಿಟಿಂಗ್ ಕಾರ್ಡ್ ಜಾರಿ ಹೋಗುವಷ್ಟು ಸಂದಿ ಇರಬೇಕು. ಇಲ್ಲಂದ್ರ ರಾಡ್ ಬಿಗಿ ಆಗೇತಿ. ಆಮ್ಯಾಲೆ ಉಕ್ಕಿನ ಸ್ಕೇಲ್ ಬ್ರಿಡ್ಜಿನ ಹಿಂದ ಟಾಪ್ ಮ್ಯಾಲೆ ಅಡ್ಡ ಇಡು. ಸ್ವಲ್ಪ ಉಬ್ಬು ಹುಟ್ಟಿನಿಂದನ ಇರ್ತೈತಿ. ಸ್ಕೇಲ್ ಕಲ್ಲಿನ ಮ್ಯಾಲೆ ಇಟ್ಟಂಗ ಆ ಕಡೆ ಈ ಕಡೆ ತೂಗಾಡಿತಂದ್ರ ಜಾಸ್ತಿ ಆತು. ಬ್ರಿಡ್ಜಿನ ಹಿಂದಿನ ಅಂಚಿಗೆ ತೆಳು ಕಾಗದ ತುರುಕಿ ನೋಡು. ಗಿಟಾರ್ ಎಲ್ಲಿಡ್ತಿ, ಯಾವ ಗ್ವಾಡಿ ಕಡೆ, ಕೇಸ್ ಒಳಗ ಏನೇನೈತಿ, ಎಲ್ಲಾ ಬರಿ.

ಸ್ಯಾಡಲ್ ಮಾತ್ರ ಈಗ ತಿಕ್ಕಬ್ಯಾಡ. ಆಷಾಢದಾಗ ತಿಕ್ಕಿದ ಸ್ಯಾಡಲ್ ಮಾರ್ಚಿನ್ಯಾಗ ಟಾಪ್ ಕುಸಿದಾಗ ಗಿಡ್ಡ ಬೀಳ್ತೈತಿ, ತಂತಿ ಫ್ರೆಟ್ಟಿಗೆ ಬಡಿತಾವು. ಅದಕ್ಕ ನಮ್ಮಲ್ಲಿ ಬರೂ ಹುಡುಗ್ಯಾರಿಗೆ ಎರಡು ಸ್ಯಾಡಲ್ ಮಾಡಿಕೊಡ್ತೇನಿ, ಮಳಿಗೊಂದು, ಬ್ಯಾಸಗಿಗೊಂದು.

ಕೇಶ್ವಾಪುರ_ಫಿಂಗರ್‌ಸ್ಟೈಲ್ | ಮಧ್ಯಾಹ್ನ 2:45

ಕಾಕಾ, ನಾನು ತಿಕ್ಕಿದ ಮೂರೂ ಗಿಟಾರ್ ಇವತ್ತಿಗೂ ಛಲೋ ಅದಾವು.

ಹಾವೇರಿ_ಉಳಿಬಾಚಿ | ಮಧ್ಯಾಹ್ನ 2:58

ಹುಬ್ಬಳ್ಳ್ಯಾಗ ಇದ್ದಾವೇನು, ಧಾರವಾಡದಾಗ ಇದ್ದಾವೇನು?

ಕೇಶ್ವಾಪುರ_ಫಿಂಗರ್‌ಸ್ಟೈಲ್ | ಮಧ್ಯಾಹ್ನ 3:02

20 ಕಿಲೋಮೀಟರಿಗೆ ಹವಾ ಬದಲಾಗ್ತೈತೇನ್ರಿ? ಚಿಗರಿ ಬಸ್ ಹತ್ತಿದ್ರ ಮುಕ್ಕಾಲು ತಾಸಿಗೆ ಇಳಿತೇವಿ.

ಮಾಳಮಡ್ಡಿ_ತಂಬೂರಿ | ಮಧ್ಯಾಹ್ನ 3:20

ಬದಲಾಗ್ತದಪಾ. ನಮ್ಮದು ಮಲೆನಾಡಿನ ಸೆರಗು. ಇಲ್ಲಿ ಜಿಟಿಜಿಟಿ ಹಿಡೀತಂದ್ರ ನಾಕು ದಿನ ಅರಿವಿ ಒಣಗೂದಿಲ್ಲ, ಹಪ್ಪಳ ಮೆತ್ತಗಾಗ್ತಾವ. ನನ್ನ ತಂಗಿ ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ಇದ್ದಾಳ, ಅಕಿ ಅದ ದಿನ ಸಂಡಿಗಿ ಒಣಸಿ ಡಬ್ಬಿ ತುಂಬಿರ್ತಾಳ.

ನವನಗರ_12ತಂತಿ | ಸಂಜೆ 5:10

ನಾನು ಈ ತಲಿನೋವು ಬ್ಯಾಡಂತ ಸಣ್ಣ ಖೋಲಿನ ಬ್ಯಾರೆ ಮಾಡೇನಿ. ಏಳು ಗಿಟಾರ್, ಒಂದು ಮ್ಯಾಂಡೊಲಿನ್. ಡಿಹ್ಯೂಮಿಡಿಫೈಯರ್ ದಿನಕ್ಕ ಎರಡು ಲೀಟರ್ ನೀರು ತಗೀತೈತಿ. ಬಾಗಲಕ್ಕ ಹಳೇ ಫ್ರಿಜ್ಜಿನ ರಬ್ಬರ್ ಪಟ್ಟಿ ಬಡಿಸೇನಿ, ಒಂದು ಎಳಿ ಹವಾ ಒಳಗ ಬರಂಗಿಲ್ಲ. ವರ್ಷಪೂರ್ತಿ 50 ಅಂದ್ರ 50. ಹನ್ನೆರಡು ತಂತಿಯ ಗಿಟಾರಿಗೆ ಜಗ್ಗು ಇನ್ನೂ ಜಾಸ್ತಿ, ಅದಕ್ಕ ಇಷ್ಟು ಮಾಡಾಕ ಬೇಕಾತು.

ವಿದ್ಯಾಗಿರಿ_ರಿದಮ್ | ಸಂಜೆ 5:25

ರಬ್ಬರ್ ಪಟ್ಟಿಯ ಉಪಾಯ ಬಹಳ ಚೆನ್ನಾಗಿದೆ. ಕಪಾಟಿನ ಬಾಗಿಲಿಗೂ ಆಗುತ್ತಾ?

ನವನಗರ_12ತಂತಿ | ಸಂಜೆ 5:31

ಆಗ್ತೈತಿ. ಗುಜರಿ ಅಂಗಡ್ಯಾಗ ಕೇಳ್ರಿ. ಬಾಗಲಾ ಮುಚ್ಚಿದಾಗ ನಡುವ ನೋಟು ಇಟ್ಟು ಜಗ್ಗಿ ನೋಡ್ರಿ, ಸಲೀಸ ಬಂತಂದ್ರ ಅಲ್ಲಿ ಸೋರ್ತೈತಿ ಅಂತ ತಿಳಕೋರಿ.

ಗದಗ_ಕೆಂಪುಮಣ್ಣು | ಸಂಜೆ 6:15

ನಮ್ಮೂರಾಗ ಉಲ್ಟಾ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಮೀಟರ್ 25ಕ್ಕ ಬೀಳ್ತೈತಿ. ಫ್ರೆಟ್‌ಬೋರ್ಡ್ ಕುಗ್ಗಿ ಫ್ರೆಟ್ಟಿನ ತುದಿ ಹೊರಗ ಬರ್ತಾವು, ಕೈ ಕೆರಕೊಂಡು ಹೋಗ್ತಾವು. ಒಬ್ಬ ದೋಸ್ತನ ಗಿಟಾರ್ ಬ್ರಿಡ್ಜಿನಿಂದ ಕೆಳಗ ಗೆರಿ ಹಿಡದು ಬಿರುಕು ಬಿಟ್ಟಿತ್ತು. ಅದಕ್ಕ ನಾನು ಸಾಬಾಣ ಡಬ್ಬಿಗೆ ತೂತು ಹೊಡದು, ಒಳಗ ಹಸಿ ಸ್ಪಂಜು ಇಟ್ಟು ಕೇಸಿನ್ಯಾಗ ಇಡ್ತೇನಿ. ಹಿಂಡಿ ಹಿಂಡಿ ಇಡಬೇಕು, ಒಂದು ಹನಿನೂ ಸೋರಬಾರದು. ಹೋದ ಏಪ್ರಿಲ್‌ದಾಗ ಇಲ್ಲೇ ಫೋಟೋ ಹಾಕಿದ್ದೆ.

ಆರುತಂತಿ_ಸಪ್ತಾಪುರ | ಜುಲೈ 11, ರಾತ್ರಿ 9:30

ಹಾವೇರಿ ಕಾಕಾರ, ನೀವು ಹೇಳಿದ್ದೆಲ್ಲಾ ನೋಡಿದೆ. ಏಳನೇ ಫ್ರೆಟ್ ಮ್ಯಾಲೆ ಸಂದೀನ ಇಲ್ಲ, ತಂತಿ ಫ್ರೆಟ್ಟಿಗೆ ಹತ್ತಿ ಕುಂತೈತಿ. ಹನ್ನೆರಡರ ಮ್ಯಾಲೆ 3.6 ಮಿಲಿಮೀಟರ್. ಟಾಪ್ ಮ್ಯಾಲೆ ಸ್ಕೇಲ್ ತೂಗಾಡ್ತೈತಿ. ಬ್ರಿಡ್ಜಿನ ಹಿಂದ ಒಂದು ಮೂಲ್ಯಾಗ ಕಾಗದ ಸ್ವಲ್ಪ ಒಳಗ ಹೋಗ್ತೈತಿ.

ಉಪ್ಪಿನ ಪರೀಕ್ಷೆನೂ ಮಾಡಿದೆ. 68 ತೋರಿಸ್ತು, ಅಂದ್ರ ಏಳು ಕಡಿಮಿ. ಖೋಲ್ಯಾಗಿಂದು 79 ಆತು. ಕೇಸ್ ಒಳಗ ರಾತ್ರಿ ಇಟ್ಟು ಮುಂಜಾನೆ ತಗದ್ರ 84, ಏಳು ಕೂಡಿಸಿದ್ರ 91! ಹೊರಗಿಗಿಂತ ಒಳಗ ಹೆಂಗ ಜಾಸ್ತಿ ಆಗ್ತೈತಿ? ಕೇಸ್ ಪಲ್ಲಂಗದ ಕೆಳಗ, ಪಡುವಣ ಗ್ವಾಡಿಗೆ ಹಚ್ಚಿ ಇರ್ತೈತಿ. ಒಳಗ ಕ್ಯಾಪೋ, ಪಿಕ್, ಒರಸೂ ಅರಿವಿ ಅಷ್ಟ.

ಗದಗಿನವರ ಡಬ್ಬಿನೂ ಐತಿ. ಏಪ್ರಿಲ್‌ದಾಗ ನೀವು ಹಾಕಿದ್ದ ಫೋಟೋ ನೋಡೇ ಮಾಡಿದ್ದೆ. ಹ್ಯೂಮಿಡಿಫೈಯರ್ ಅಂತ ಬರದಿದ್ರಲ್ಲ, ಹ್ಯೂಮಿಡಿಟಿ ತಡಿಯೂದು ಅಂತ ತಿಳದೆ. ಒಂದು ವಾರಾನೂ ತಪ್ಪಸದಂಗ ನೀರು ಹಾಕೇನಿ.

ಗದಗ_ಕೆಂಪುಮಣ್ಣು | ರಾತ್ರಿ 9:34

ಈಗಿಂದೀಗ ತಗೀರಿ ಅದನ್ನ!

ಹಾವೇರಿ_ಉಳಿಬಾಚಿ | ರಾತ್ರಿ 9:50

ಸಿಕ್ತು. ತಮ್ಮಾ, ಆ ಡಬ್ಬಿ ಹವಾಕ್ಕ ನೀರು ಕೊಡೂದು. ಬ್ಯಾಸಗ್ಯಾಗ ಅದ ನಿನ್ನ ಗಿಟಾರ್ ಕಾಯ್ದೈತಿ, ಮಳ್ಯಾಗ ಅದ ಕೆಡಸಾಕತ್ತೈತಿ. ಕೇಸಿನ ಮಖಮಲ್ ಮೂಸಿ ನೋಡು.

ಆರುತಂತಿ_ಸಪ್ತಾಪುರ | ರಾತ್ರಿ 10:05

ಹಸಿ ಗೋಣಿ ಚೀಲದ ವಾಸನಿ ಬರ್ತೈತಿ. ನೆಕ್ ಕೂಡ್ರೂ ಜಾಗಾದಾಗ ಬೆಳ್ಳಗ ಬೂಸು ಹಿಡದೈತಿ. ಮ್ಯಾಲಿಂದ ಕಾಣೂದಿಲ್ಲ, ಬಟ್ಟು ಆಡಿಸಿದ್ರ ಹಿಟ್ಟಿನಂಗ ಹತ್ತಿತು. ಮನಸ್ಸಿಗೆ ಭಾಳ ಕೆಟ್ಟ ಅನಿಸ್ತು. ಗಿಟಾರ್ ಈಗ ಅಕ್ಕಿಯೊಳಗ ಇಡ್ಲೇನು?

ಮಾಳಮಡ್ಡಿ_ತಂಬೂರಿ | ರಾತ್ರಿ 10:10

ಅಕ್ಕಿ ಬ್ಯಾಡ. ನುಸಿ ಆಗ್ತದ, ನುಸಿ ಹಿಂದ ಇಲಿ ಬರ್ತದ.

ಹಾವೇರಿ_ಉಳಿಬಾಚಿ | ರಾತ್ರಿ 10:31

ಗಾಬರಿ ಆಗಬ್ಯಾಡ, ಗಡಿಬಿಡಿನೂ ಮಾಡಬ್ಯಾಡ. ಬಿಸಲು, ಹೇರ್ ಡ್ರೈಯರ್, ಒಲಿ ಮುಂದ ಇಡೂದು, ಯಾವುದೂ ಬ್ಯಾಡ. ತಿಂಗಳುಗಟ್ಟಲೆ ಕುಡದ ನೀರು ಒಂದ ದಿನಕ್ಕ ತಗದ್ರ ಕಟಗಿ ಸೀಳ್ತೈತಿ. ತಂತಿ ಎಲ್ಲಾ ಒಂದೊಂದು ಸ್ವರ ಇಳಸು, ಪೂರಾ ಬಿಚ್ಚಬ್ಯಾಡ. ರಾಡ್ ನೀನು ತಿರುಗಿಸಿದ ಕಾಲು ಸುತ್ತು ವಾಪಸ್ ಎಡಕ್ಕ ಸಡ್ಲ ಬಿಡು. ಅಂಗಡ್ಯಾವ್ರು ತಿರುಗಿಸಿದ್ದು ಆಮ್ಯಾಲೆ ನೋಡೂಣು.

ಕೇಸ್ ಎರಡು ದಿನ ತೆರೆದು ಫ್ಯಾನಿನ ಕೆಳಗ ಇಡು. ಬೂಸು ಒಣಾ ಬ್ರಷ್‌ಲೆ ಹೊರಗ ತಿಕ್ಕು, ಖೋಲ್ಯಾಗ ಬ್ಯಾಡ. ಗಿಟಾರ್ ಆ ಎರಡು ದಿನ ನಡುಮನ್ಯಾಗ, ಹೊರಗಿನ ಗ್ವಾಡಿ ಬಿಟ್ಟು. ಆಮ್ಯಾಲೆ ಕೇಸಿನ್ಯಾಗ ಸಿಲಿಕಾ ಜೆಲ್, 200 ಗ್ರಾಂ, ಎರಡು ಅರಿವಿ ಚೀಲದಾಗ. ಕೇಸ್ ನೆಲದ ಮ್ಯಾಲೆ ಬ್ಯಾಡ, ಕಪಾಟಿನ ಮ್ಯಾಲೆ ಇಡು.

ವಿದ್ಯಾಗಿರಿ_ರಿದಮ್ | ರಾತ್ರಿ 10:48

ಸಿಲಿಕಾ ಕಿತ್ತಳೆ ಬಣ್ಣದ್ದು ತಗೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಬಣ್ಣ ಬದಲಾದ ಮೇಲೆ 120 ಡಿಗ್ರಿ ಓವನ್ನಿನಲ್ಲಿ ಒಂದೆರಡು ತಾಸು ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಒಂದು ಎಚ್ಚರ: ಸಿಲಿಕಾಕ್ಕೆ 50ಕ್ಕೆ ನಿಲ್ಲುವುದು ಗೊತ್ತಿಲ್ಲ, ಎಳೆಯುತ್ತಲೇ ಇರುತ್ತದೆ. ಮೀಟರ್ 50 ಮುಟ್ಟಿದ ಕೂಡಲೇ ಒಂದು ಚೀಲ ಹೊರಗೆ ತೆಗೆಯಿರಿ. ತೇವ ಹೀರುವ, ತೇವ ಕೊಡುವ ಎರಡೂ ಕೆಲಸ ಮಾಡುವ 49 ಶೇಕಡಾ ಪ್ಯಾಕೆಟ್ ಸಿಗುತ್ತವೆ. ಈಗಲೇ ಹಾಕಿದರೆ ಇಷ್ಟು ತೇವಕ್ಕೆ ಉಬ್ಬಿ ಹಾಳಾಗುತ್ತವೆ, ಕೇಸ್ ಒಣಗಿದ ಮೇಲೆ ಹಾಕಿ.

ಕೇಶ್ವಾಪುರ_ಫಿಂಗರ್‌ಸ್ಟೈಲ್ | ರಾತ್ರಿ 11:20

ದೋಸ್ತ, ರಾಡ್ ತಿರುಗಿಸ್ರಿ ಅಂದಿದ್ದು ನಂದು ತಪ್ಪಾತು. ಅಳತಿ ಕೇಳದ ಹೇಳಬಾರದಿತ್ತು. ನನ್ನ ಕಡೆ ಕಿತ್ತಳೆ ಸಿಲಿಕಾ ಅರ್ಧ ಕಿಲೋ ಐತಿ, ರವಿವಾರ ಧಾರವಾಡಕ್ಕ ಬರಾಂವ ಅದೇನಿ, ಕೊಟ್ಟು ಹೋಗ್ತೇನಿ.

ಆರುತಂತಿ_ಸಪ್ತಾಪುರ | ಜುಲೈ 31, ರಾತ್ರಿ 8:15

ಎಲ್ಲಾರಿಗೂ ಸುದ್ದಿ ಹೇಳಬೇಕಿತ್ತು. ಮೀಟರ್ ತಿದ್ದಿದ ಲೆಕ್ಕದಾಗ 53. ಹನ್ನೆರಡರ ಮ್ಯಾಲೆ 3.6 ಇದ್ದದ್ದು 2.9ಕ್ಕ ಇಳದೈತಿ, ಸ್ಯಾಡಲ್ ಮುಟ್ಟಿಲ್ಲ. ರಾಡ್ ಇನ್ನೊಂದು ಸಣ್ಣ ಸುತ್ತು ಸಡ್ಲ ಬಿಟ್ಟ ಮ್ಯಾಲೆ ಕಾರ್ಡ್ ಜಾರಾಕತ್ತಿತು, ಬಝ್ ಹೋತು. ನಿನ್ನೆ ರಾತ್ರಿ ಇ ಮೈನರ್ ಬಾರಿಸಿ ಕೈ ಎತ್ತಿದೆ, ದನಿ ಖೋಲಿ ತುಂಬಿ ನಿಂತ್ಕೊಂಡ್ತು. ಜನವರಿಯೊಳಗ ಕೇಳಿದ್ದ ದನೀನ ಅದು. ಸಾಬಾಣ ಡಬ್ಬಿ ಒಣಗಿಸಿ, ಮ್ಯಾಲೆ "ದೀಪಾವಳಿ ಆದ ಮ್ಯಾಲೆ, ಮೀಟರ್ 40ಕ್ಕ ಇಳದ್ರ ಮಾತ್ರ" ಅಂತ ಚೀಟಿ ಹಚ್ಚಿ ಕಪಾಟಿನ್ಯಾಗ ಇಟ್ಟೇನಿ.

ಒಂದ ಉಳದೈತಿ. ಬ್ರಿಡ್ಜಿನ ಹಿಂದಿನ ಮೂಲ್ಯಾಗ ಕಾಗದ ಈಗೂ ಎರಡು ಮಿಲಿಮೀಟರ್ ಒಳಗ ಹೋಗ್ತೈತಿ. ಬಿಳಿ ಗೋಂದು ಹಚ್ಚಿ ಒತ್ತಿ ಇಡ್ಲೇನು?

ಹಾವೇರಿ_ಉಳಿಬಾಚಿ | ರಾತ್ರಿ 8:40

ಬ್ಯಾಡ. ಬಿಳಿ ಗೋಂದು ಜಗ್ಗಿಗೆ ನಿಧಾನಕ್ಕ ಜಾರ್ತೈತಿ, ಸಂದ್ಯಾಗ ಕುಂತ್ರ ಮುಂದ ಬರೋಬರಿ ಅಂಟು ಹಿಡಿಯಂಗಿಲ್ಲ. ಎರಡ ಮಿಲಿಮೀಟರ್ ಇದ್ರ ಈ ಮಳಿಗಾಲ ಹಂಗ ಬಿಡು. ಪೆನ್ಸಿಲ್‌ಲೆ ಕಾಗದದ ಮ್ಯಾಲೆ ಗುರ್ತು ಮಾಡಿ ಇಟ್ಕೋ, ತಿಂಗಳಿಗೊಮ್ಮೆ ಅದ ಕಾಗದ ತುರುಕಿ ನೋಡು. ಗುರ್ತು ದಾಟಿ ಒಳಗ ಹೋತಂದ್ರ ತಂತಿ ಇಳಿಸಿ ನನ್ನ ಕಡೆ ತಗೊಂಡ್ ಬಾ.

ನವನಗರ_12ತಂತಿ | ರಾತ್ರಿ 9:02

ಕಾಕಾ, ನಂದೂ ಹನ್ನೆರಡು ತಂತೀದು ಬ್ರಿಡ್ಜ್ ನೋಡಿದೆ ಈಗ. ಕಾಗದ ನಾಕು ಮಿಲಿಮೀಟರ್ ಹೋಗ್ತೈತಿ.