ಹಿಮನದಿ ಬಿಟ್ಟುಹೋದ ಮರಳು-ಗರಸು ಮಣ್ಣು: ಅನುಭವ ಇರುವವರು ದಯವಿಟ್ಟು ಹೇಳಿ

ಹೊಸಜಾಗ:

ಎಲ್ಲರಿಗೂ ನಮಸ್ಕಾರ. ಬೆಟ್ಟದ ಇಳಿಜಾರಿನಲ್ಲಿ ಒಂದು ಜಾಗ ತಗೊಂಡಿದ್ದೇವೆ. ಹಿಂದೆ ಹಿಮನದಿ ಇದ್ದ ಪ್ರದೇಶ. ಮಣ್ಣಿನ ನಕ್ಷೆಯಲ್ಲಿ "ಗ್ಲೇಶಿಯಲ್ ಟಿಲ್‌ನಿಂದ ಆದ ಮರಳು-ಗರಸು ಮಣ್ಣು" ಅಂತ ಇದೆ. ಸಲಿಕೆ ಇಟ್ಟಲ್ಲೆಲ್ಲ ಕಲ್ಲು. ಬೇಸಿಗೆಯಲ್ಲಿ ಬಕೆಟ್‌ಗಟ್ಟಲೆ ನೀರು ಹಾಕಿದರೂ ಮಾರನೇ ದಿನ ಒಣಗಿರುತ್ತದೆ. ಆದರೆ ಹಿಮ ಕರಗುವ ಸಮಯದಲ್ಲಿ ಕೆಳಗಿನ ಮೂಲೆಯಲ್ಲಿ ಮೂರು ವಾರ ನೀರು ನಿಂತಿತ್ತು. ಮರಳು ಮಣ್ಣಿನಲ್ಲಿ ನೀರು ಹೇಗೆ ನಿಲ್ಲುತ್ತದೆ ಅಂತಲೇ ಅರ್ಥ ಆಗ್ತಿಲ್ಲ. ಲ್ಯಾಬ್ ವರದಿಯಲ್ಲಿ ಪಿಎಚ್ 4.9 ಬಂದಿದೆ, ಅಂದರೆ ಮಣ್ಣು ತುಂಬಾ ಹುಳಿ. ಸ್ವಲ್ಪ ತರಕಾರಿ, ಹತ್ತು ಹಣ್ಣಿನ ಗಿಡ, ಒಂದು ಸಣ್ಣ ಮನೆ, ಇಷ್ಟು ನಮ್ಮ ಆಸೆ. ಎಲ್ಲಿಂದ ಶುರು ಮಾಡಬೇಕು?

ಗುದ್ದಲಿ ಹಿಡಿದವಳು:

ಏನೂ ನೆಡುವ ಮೊದಲು ಒಂದು ಗುಂಡಿ ತೋಡಿ. ಸಣ್ಣದಲ್ಲ, ನಿಮ್ಮ ಸೊಂಟದವರೆಗೆ ಬರುವಷ್ಟು. ಮೇಲಿನ ಭಾಗದಲ್ಲಿ ಒಂದು, ನೀರು ನಿಂತ ಮೂಲೆಯಲ್ಲಿ ಇನ್ನೊಂದು. ನಾನು ಇದನ್ನು ಮಾಡದೆ ಮೂರು ವರ್ಷ ಕಳೆದುಕೊಂಡೆ. ನೆಟ್ಟ ಆರು ಸೇಬಿನ ಗಿಡದಲ್ಲಿ ನಾಲ್ಕು ಹೋದವು. ಬೇಸಿಗೆಯಲ್ಲಿ ಒಣಗಿ ಹೋದವು ಅಂದುಕೊಂಡು ನೀರು ಜಾಸ್ತಿ ಮಾಡಿದ್ದೆ. ಕೊನೆಗೆ ಸತ್ತ ಗಿಡ ಕಿತ್ತು ನೋಡಿದರೆ ಬೇರು ಕೆಳಗೆ ಇಳಿದೇ ಇರಲಿಲ್ಲ. ಮೊಣಕಾಲುದ್ದ ಆಳದಲ್ಲಿ ತಟ್ಟೆಯ ಹಾಗೆ ಅಡ್ಡ ಹರಡಿ, ತುದಿ ಕಪ್ಪಾಗಿ ಕೊಳೆತಿತ್ತು. ವಸಂತದ ನೀರಿನಲ್ಲೇ ಅವು ಸತ್ತಿದ್ದವು.

ನಿಮ್ಮ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಟಿಲ್ ಅಂದರೆ ಹಿಮನದಿ ನೇರವಾಗಿ ಹಾಕಿಹೋದ ಸಾಮಾನು. ನದಿ ನೀರು ಮಣ್ಣನ್ನು ಆರಿಸುತ್ತದೆ, ದಪ್ಪ ಕಲ್ಲು ಒಂದು ಕಡೆ, ಮರಳು ಒಂದು ಕಡೆ, ಮೆಕ್ಕಲು ಇನ್ನೊಂದು ಕಡೆ. ಹಿಮಕ್ಕೆ ಆ ಆಯ್ಕೆ ಇಲ್ಲ. ಹಿಟ್ಟಿನಂಥ ಪುಡಿಯಿಂದ ಹಿಡಿದು ಆಳೆತ್ತರದ ಬಂಡೆಯವರೆಗೆ ಎಲ್ಲ ಒಟ್ಟಿಗೆ. ಹಾಗೆ ಹಾಕುವಾಗ ಎರಡು ರೀತಿ ಆಗುತ್ತದೆ. ಹಿಮದ ಅಡಿಯಲ್ಲಿ ಸಿಕ್ಕಿ ಒತ್ತಿಸಿಕೊಂಡದ್ದು ಕಲ್ಲಿನಷ್ಟು ಗಟ್ಟಿ. ಹಿಮ ಕರಗುವಾಗ ಮೇಲಿನಿಂದ ಸುಮ್ನೆ ಇಳಿದು ಬಿದ್ದದ್ದು ಸಡಿಲ, ಮರಳು ಜಾಸ್ತಿ. ಅನೇಕ ಇಳಿಜಾರುಗಳಲ್ಲಿ ಮೇಲೆ ಈ ಸಡಿಲ ಮಣ್ಣು, 50 ಸೆಂಟಿಮೀಟರ್‌ನಿಂದ ಒಂದು ಮೀಟರ್ ಆಳದೊಳಗೆ ಆ ಗಟ್ಟಿ ಪದರ. ನೀರು ಮೇಲಿನ ಮರಳಿನಲ್ಲಿ ಸರ್ರನೆ ಇಳಿದು, ಗಟ್ಟಿ ಪದರಕ್ಕೆ ಬಡಿದು, ಅದರ ಮೇಲೆಯೇ ಇಳಿಜಾರಿನಲ್ಲಿ ಜಾರಿಕೊಂಡು ಹೋಗುತ್ತದೆ. ಪದರ ಮೇಲಕ್ಕೆ ಬಂದ ಕಡೆ ಅಥವಾ ಇಳಿಜಾರು ಮುಗಿದ ಕಡೆ ಒರತೆಯಾಗಿ ಹೊರಗೆ ಬರುತ್ತದೆ. ನಿಮ್ಮ ಕೆಳಗಿನ ಮೂಲೆಗೆ ಬರುತ್ತಿರುವುದು ನಿಮ್ಮ ಇಡೀ ಇಳಿಜಾರಿನ ನೀರು.

ಗಟ್ಟಿ ಪದರ ಸಿಕ್ಕಿದ್ದು ಹೇಗೆ ಗೊತ್ತಾಗುತ್ತದೆ? ಹಾರೆಗೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಕಚಕ್ ಅಂತ ಇಳಿಯುತ್ತಿದ್ದದ್ದು ಠಣ್ ಅಂತ ವಾಪಸ್ ಚಿಮ್ಮುತ್ತದೆ. ಬಂಡೆ ಅಂದುಕೊಳ್ಳುತ್ತೀರಿ. ಪಕ್ಕದಲ್ಲಿ ಹಾಕಿದರೂ ಅದೇ ಸದ್ದು. ಒಂದು ಚೂರು ಎಬ್ಬಿಸಿ ನೀರಿನಲ್ಲಿ ಹಾಕಿದರೆ ನಿಧಾನಕ್ಕೆ ಕರಗಿ ಮರಳಾಗುತ್ತದೆ. ಬಂಡೆ ಕರಗಲ್ಲ, ಅಲ್ವಾ?

ಇನ್ನೊಂದು ನೋಡಿ. ಕೆಳಗಿನ ಕಲ್ಲು ತೆಗೆಯುವಾಗ ಅದರ ನೆತ್ತಿ ಗಮನಿಸಿ. ನೆತ್ತಿಯ ಮೇಲೆ ಮಾತ್ರ ನಯವಾದ ಬೂದು ಮಣ್ಣು ಟೋಪಿಯಂತೆ ಕೂತಿರುತ್ತದೆ, ಹೊಟ್ಟೆಯ ಕಡೆ ಇರುವುದಿಲ್ಲ. ಹೆಪ್ಪುಗಟ್ಟಿ ಕರಗಿ ಮಾಡುವಾಗ ನುಣ್ಣನೆ ಪುಡಿ ಕೆಳಗಿಳಿದು ಕಲ್ಲಿನ ತಲೆಯ ಮೇಲೆ ನಿಲ್ಲುವುದರಿಂದ ಹೀಗೆ. ಮೊದಲ ಸಲ ಅದನ್ನು ಬೆರಳಲ್ಲಿ ಉಜ್ಜಿ ನೋಡಿದಾಗ ನನಗೆ ಬಹಳ ಖುಷಿಯಾಗಿತ್ತು.

ಜರಡಿ ಲೆಕ್ಕ:

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಸೇರಿಸುವುದು ಕಲ್ಲಿನ ಲೆಕ್ಕ. ಇದನ್ನು ಯಾರೂ ಮಾಡಲ್ಲ. ನಾನೂ ತಪ್ಪು ಮಾಡಿ ಕಲಿತದ್ದು.

ಲ್ಯಾಬ್‌ಗೆ ಕೊಟ್ಟ ಮಣ್ಣನ್ನು ಅವರು ಮೊದಲು 2 ಮಿಲಿಮೀಟರ್ ಜರಡಿಯಲ್ಲಿ ಹಿಡಿಯುತ್ತಾರೆ. ಮೇಲೆ ಉಳಿದ ಗರಸು, ಕಲ್ಲು ಎಲ್ಲ ಪಕ್ಕಕ್ಕೆ. ವರದಿಯಲ್ಲಿ ಬರುವ ಅಂಕಿಗಳು ಜರಡಿ ದಾಟಿದ ಮಣ್ಣಿನವು ಮಾತ್ರ. ಸುಣ್ಣ, ಗೊಬ್ಬರದ ಪ್ರಮಾಣ ಹೇಳುವಾಗ ಸಾಮಾನ್ಯವಾಗಿ ನಿಮ್ಮ ನೆಲವೆಲ್ಲ ಆ ಮಣ್ಣೇ ಅಂತ ಲೆಕ್ಕ. ನಿಮ್ಮಲ್ಲಿ ನೂರಕ್ಕೆ ನಲವತ್ತು ಭಾಗ ಕಲ್ಲಿದ್ದರೆ? ಆಗ ನಿಜವಾದ ಮಣ್ಣು ಅರವತ್ತು ಭಾಗ. ಸುಣ್ಣವೂ ಅಷ್ಟಕ್ಕೇ ಸಾಕು. ನಾನು ಮೊದಲ ವರ್ಷ ವರದಿಯಲ್ಲಿದ್ದಷ್ಟೂ ಸುರಿದೆ. ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಆಗಿತ್ತು.

ಅಳೆಯುವುದು ಸುಲಭ. ಹತ್ತು ಲೀಟರ್ ಬಕೆಟ್ ಹಿಡಿಸುವಷ್ಟು ಗುಂಡಿ ತೋಡಿ, ಬಂದದ್ದೆಲ್ಲ ಹಾಕಿ, ಕಲ್ಲು ಬಿಡಬೇಡಿ. ಒಣಗಿಸಿ 2 ಮಿ.ಮೀ. ಕಣ್ಣಿನ ಜರಡಿಯಲ್ಲಿ ಹಿಡಿಯಿರಿ. ಉಳಿದ ಕಲ್ಲನ್ನು ತೊಳೆದು, ಅಂಚಿನ ತನಕ ನೀರು ತುಂಬಿದ ಇನ್ನೊಂದು ಬಕೆಟ್‌ಗೆ ನಿಧಾನಕ್ಕೆ ಇಳಿಬಿಡಿ. ಚೆಲ್ಲುವ ನೀರನ್ನು ಅಗಲ ಬೋಗುಣಿಯಲ್ಲಿ ಹಿಡಿದು ಅಳೆಯಿರಿ. ಮೂರೂವರೆ ಲೀಟರ್ ಚೆಲ್ಲಿದರೆ ಕಲ್ಲು 35 ಶೇಕಡಾ. ತೂಕ ನೋಡಬೇಡಿ, ಕಲ್ಲು ಭಾರ ಇರುವುದರಿಂದ ತೂಕದ ಲೆಕ್ಕ ಮೋಸ ಮಾಡುತ್ತದೆ. ಅಮೆರಿಕದ ಮಣ್ಣು ವರ್ಗೀಕರಣದಲ್ಲಿ 15ರಿಂದ 35 ಶೇಕಡಾ ಗರಸು ಇದ್ದರೆ "ಗರಸಿನ ಮಣ್ಣು", 35 ದಾಟಿದರೆ "ತುಂಬಾ ಗರಸು", 60 ದಾಟಿದರೆ ಇನ್ನೂ ಮೇಲಿನ ದರ್ಜೆ.

ನೀರಿಗೂ ಇದೇ ಲೆಕ್ಕ. ಮರಳು ಕಲೆತ ಮಣ್ಣು 30 ಸೆಂ.ಮೀ. ಆಳದಲ್ಲಿ ಗಿಡಕ್ಕೆ ಸಿಗುವಂಥ ನೀರು ಹಿಡಿದಿಡುವುದು ಸುಮಾರು 24 ಮಿ.ಮೀ. ಅಂತ ಇಟ್ಟುಕೊಳ್ಳಿ. ಅದರಲ್ಲಿ 40 ಶೇಕಡಾ ಕಲ್ಲು ಅಂದರೆ 14 ಮಿ.ಮೀ. ಉಳಿಯಿತು. ಬೇಸಿಗೆಯಲ್ಲಿ ತರಕಾರಿ ದಿನಕ್ಕೆ 4-5 ಮಿ.ಮೀ. ಕುಡಿಯುತ್ತದೆ. ಮೂರು ದಿನಕ್ಕೆ ಖಾಲಿ! ಹಾಗಾಗಿ ಒಂದೇ ಸಲ ಬಕೆಟ್‌ಗಟ್ಟಲೆ ಸುರಿದು ಪ್ರಯೋಜನ ಇಲ್ಲ. ಮಿಕ್ಕ ನೀರು ಬೇರು ದಾಟಿ ಹೋಗುತ್ತದೆ, ಜೊತೆಗೆ ನೀವು ಹಾಕಿದ ಸಾರಜನಕವನ್ನೂ ಒಯ್ಯುತ್ತದೆ. ಸ್ವಲ್ಪ ಸ್ವಲ್ಪ, ಎರಡು ದಿನಕ್ಕೊಮ್ಮೆ ಕೊಡಿ. ಗೊಬ್ಬರವನ್ನೂ ಕಂತಿನಲ್ಲಿ ಕೊಡಿ.

ಕಾಡಿನ ಬದಿ:

ಪಿಎಚ್ 4.9 ನೋಡಿ ಹೆದರಬೇಡಿ. ಗ್ರಾನೈಟ್ ಥರದ ಕಲ್ಲು ಅರೆದು ಆದ ಟಿಲ್ ಹುಳಿಯಾಗಿಯೇ ಇರುತ್ತದೆ. ಸುಣ್ಣಕಲ್ಲಿನ ಸೀಮೆಯಿಂದ ಬಂದ ಟಿಲ್ ಹಾಗಿರುವುದಿಲ್ಲ. ಹಿಮ ಯಾವ ಬಂಡೆಯನ್ನು ಅರೆದು ತಂದಿದೆಯೋ ಅದರ ಗುಣ.

ಗುಂಡಿಯಲ್ಲಿ ಬಣ್ಣ ನೋಡಿ. ಪೈನ್, ಸ್ಪ್ರೂಸ್ ಥರದ ಮರಗಳ ಕೆಳಗೆ ಉಳುಮೆ ಕಾಣದ ಜಾಗವಾದರೆ, ಮೇಲೆ ಕಪ್ಪು ಎಲೆಗೊಬ್ಬರ, ಅದರ ಕೆಳಗೆ ಒಲೆಯ ಬೂದಿಯಂಥ ಪದರ, ಅದರ ಕೆಳಗೆ ತುಕ್ಕು ಬಣ್ಣದ ಪದರ ಕಾಣುತ್ತದೆ. ಹುಳಿ ನೀರು ಮೇಲಿನ ಕಬ್ಬಿಣ, ಅಲ್ಯೂಮಿನಿಯಂ ತೊಳೆದು ಕೆಳಗೆ ಇಳಿಸಿರುತ್ತದೆ. ಇದಕ್ಕೆ ಪಾಡ್ಸಾಲ್ ಅನ್ನುತ್ತಾರೆ. ರಷ್ಯನ್ ಭಾಷೆಯಲ್ಲಿ "ಪಾಡ್" ಅಂದರೆ ಕೆಳಗೆ, "ಜೋಲಾ" ಅಂದರೆ ಬೂದಿ. ಆ ಬೂದಿ ಬಣ್ಣದ ಪದರದಲ್ಲಿ ಸತ್ವ ಏನೂ ಇಲ್ಲ, ಅದನ್ನು ಮೇಲೆ ತಂದು ಹರಡಬೇಡಿ. ತುಕ್ಕು ಪದರ ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಹಾಕಿದ ಗೊಬ್ಬರ ಗಿಡಕ್ಕೆ ಪೂರ್ತಿ ಸಿಗಲ್ಲ.

ಬ್ಲೂಬೆರಿಗೆ 4.5ರಿಂದ 5.5 ಪಿಎಚ್ ಅಂದರೆ ಪ್ರಾಣ. ಹಣ್ಣಿನ ಗಿಡ ಅಂದರೆ ಸೇಬೇ ಆಗಬೇಕಾ? ಆಲೂಗಡ್ಡೆಯೂ ಈ ಹುಳಿಯಲ್ಲಿ ಬರುತ್ತದೆ, ಸಿಪ್ಪೆಯ ಕಜ್ಜಿ ರೋಗವೂ ಕಡಿಮೆ. ಮಿಕ್ಕ ತರಕಾರಿ ಮಡಿಗೆ ಮಾತ್ರ ಸುಣ್ಣ ಹಾಕಿ. ಮರಳಿನಲ್ಲಿ ಪಿಎಚ್ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಹಾಗಾಗಿ ಕಡಿಮೆ ಹಾಕಿ, ಎರಡು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.

ಮತ್ತೆ ಕಾಂಪೋಸ್ಟ್. ಈ ಮಣ್ಣಿನಲ್ಲಿ ಜೇಡಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನೀರನ್ನು, ಸತ್ವವನ್ನು ಹಿಡಿದಿಡುವ ಕೆಲಸ ಕೊಳೆತ ಎಲೆ ಒಂದರಿಂದಲೇ ಆಗಬೇಕು. ನಾನು ಪ್ರತಿ ವರ್ಷ ನಾಲ್ಕು ಬೆರಳು ದಪ್ಪ ಎಲೆ ಮುಚ್ಚಿಗೆ ಹಾಕುತ್ತೇನೆ, ಒಂದು ವರ್ಷವೂ ತಪ್ಪಿಸಿಲ್ಲ.

ಕಲ್ಲುಬೇಲಿ:

ಮನೆ ಬಗ್ಗೆ ಹೇಳುತ್ತೇನೆ, ನಾನು ಕಟ್ಟಡದ ಕೆಲಸದವನು.

ಕಲ್ಲು ಆರಿಸಿ ಹೊಲ ಸ್ವಚ್ಛ ಮಾಡಿದರೂ ಮುಂದಿನ ವಸಂತಕ್ಕೆ ಹೊಸ ಕಲ್ಲು ಎದ್ದಿರುತ್ತವೆ. ಕಲ್ಲು ಬೆಳೆಯುತ್ತದೆ ಅಂತ ಜನ ಅಂದುಕೊಳ್ಳುವುದು ಸುಮ್ನೆ ಅಲ್ಲ. ಚಳಿಗಾಲದಲ್ಲಿ ಕಲ್ಲು ಮಣ್ಣಿಗಿಂತ ಬೇಗ ತಣಿಯುತ್ತದೆ. ಅದರ ಅಡಿಯಲ್ಲಿ ನೀರು ಸೇರಿ ಹೆಪ್ಪುಗಟ್ಟಿ ಅದನ್ನು ಎತ್ತುತ್ತದೆ. ಕರಗುವಾಗ ಕೆಳಗಿನ ಸಂದಿಗೆ ಪುಡಿ ಮಣ್ಣು ಜಾರಿ ತುಂಬುತ್ತದೆ. ಕಲ್ಲಿಗೆ ವಾಪಸ್ ಇಳಿಯಲು ಜಾಗ ಇರಲ್ಲ.

ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ನೆಲ ಉಬ್ಬುವುದು ಅದರಿಂದ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಚಿಕ್ಕ ಪಾಲು. 1930ರ ಹೊತ್ತಿಗೆ ಸ್ಟೀಫನ್ ಟೇಬರ್ ಎಂಬ ಭೂವಿಜ್ಞಾನಿ ನೀರಿನ ಬದಲು ಬೆಂಜೀನ್ ಹಾಕಿ ಮಣ್ಣನ್ನು ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪುಗಟ್ಟಿದರೆ ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು! ಕೆಳಗಿನಿಂದ ದ್ರವವನ್ನು ಹೀರಿಕೊಂಡು ಪದರ ಪದರವಾಗಿ ಹೆಪ್ಪು ಬೆಳೆಯುವುದೇ ನಿಜವಾದ ಕಾರಣ. ಹೀರುವ ಕೆಲಸ ಮಾಡುವುದು ನುಣ್ಣನೆ ಪುಡಿ. ಆರ್ಥರ್ ಕಾಸಾಗ್ರಾಂಡೆ ಎಂಬ ಎಂಜಿನಿಯರ್ ಕೊಟ್ಟ ಲೆಕ್ಕದ ಪ್ರಕಾರ, ಇಂಥ ಮಿಶ್ರ ಮಣ್ಣಿನಲ್ಲಿ 0.02 ಮಿ.ಮೀ.ಗಿಂತ ಸಣ್ಣ ಕಣ 3 ಶೇಕಡಾ ದಾಟಿದರೆ ಉಬ್ಬುವ ಸಾಧ್ಯತೆ ಇದೆ. ಬರೀ ಮೂರು! ಕಣ್ಣಿಗೆ ಮರಳು-ಗರಸು ಅಂತ ಕಂಡರೂ ಟಿಲ್‌ನಲ್ಲಿ ಅಷ್ಟು ಪುಡಿ ಎಷ್ಟೋ ಸಲ ಅಡಗಿರುತ್ತದೆ. ಹಾಗಾಗಿ ಪಾಯ ನಿಮ್ಮ ಜಾಗದಲ್ಲಿ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಇಳಿಯಲೇಬೇಕು. ಪಾಯದ ಹೊರಬದಿಗೆ ತೊಳೆದ ಜಲ್ಲಿ ತುಂಬಿ, ಅಡಿಯಲ್ಲಿ ತೂತಿನ ಪೈಪ್ ಹಾಕಿ ನೀರು ಕೆಳಕ್ಕೆ ಹರಿಸಿ. ಗಟ್ಟಿ ಪದರ ಭಾರ ಹೊರಲು ಚೆನ್ನಾಗಿದೆ, ಅದರ ಮೇಲೆ ಹರಿಯುವ ನೀರನ್ನು ಮಾತ್ರ ಬಿಡಬೇಡಿ.

ಶೌಚದ ಇಂಗುಗುಂಡಿಗೆ ಜಾಗ ಆರಿಸುವಾಗ ಇನ್ನೂ ಎಚ್ಚರ. ಪರೀಕ್ಷೆಗೆ ತೋಡಿದ ಗುಂಡಿಯ ಗೋಡೆಯಲ್ಲಿ ಬೂದು ಮಣ್ಣಿನ ನಡುವೆ ಕಿತ್ತಳೆ ಚುಕ್ಕೆ ಕಂಡರೆ, ವರ್ಷದಲ್ಲಿ ಕೆಲವು ಕಾಲ ಅಲ್ಲಿಯವರೆಗೆ ನೀರು ನಿಲ್ಲುತ್ತದೆ ಅಂತ ಅರ್ಥ. ಬೇಸಿಗೆಯಲ್ಲಿ ಎಷ್ಟೇ ಒಣಗಿರಲಿ, ಚುಕ್ಕೆ ಹೇಳಿದ್ದೇ ನಿಜ. ಬೇಸಿಗೆಯಲ್ಲಿ ನೋಡಿ ಒಪ್ಪಿದ ಒಂದು ಇಂಗುಗುಂಡಿ ವಸಂತದಲ್ಲಿ ಉಕ್ಕಿ ಮನೆಯವರು ಪಟ್ಟ ಪಾಡು ನಾನು ಕಣ್ಣಾರೆ ನೋಡಿದ್ದೇನೆ.

ಜರಡಿ ಲೆಕ್ಕ:

ಒಂದು ಮಾತು ಬಿಟ್ಟುಹೋಯಿತು. ಎಲ್ಲ ಕಡೆ ಗಟ್ಟಿ ಪದರ ಇರಲೇಬೇಕು ಅಂತಿಲ್ಲ. ಅಮೆರಿಕದ ನ್ಯೂ ಇಂಗ್ಲೆಂಡ್ ಬೆಟ್ಟಗಳಲ್ಲಿ ಬೆಕೆಟ್ ಅಂತ ಒಂದು ಮಣ್ಣನ್ನು ಗುರುತಿಸಿದ್ದಾರೆ, ಅಡಿಯಲ್ಲಿ ಗಟ್ಟಿ ಮರಳು ಟಿಲ್. ಹರ್ಮನ್ ಅಂತ ಇನ್ನೊಂದು, ಅದೂ ಟಿಲ್‌ನದೇ, ಆದರೆ ಕೆಳಗಿನವರೆಗೂ ಸಡಿಲ, ನೀರು ನಿಲ್ಲುವುದೇ ಇಲ್ಲ. ನಕ್ಷೆಯಲ್ಲಿ ಹೆಸರು ಇದ್ದರೆ ವಿವರ ಓದಿ. ಕಲ್ಲೆಲ್ಲ ನುಣುಪಾಗಿ ಉರುಟಾಗಿ, ಮರಳು ಸಾಲು ಸಾಲಾಗಿ ಕೂತಿದ್ದರೆ ಅದು ಟಿಲ್ ಅಲ್ಲ, ಹಿಮ ಕರಗಿದ ನೀರು ಹೊತ್ತು ತಂದದ್ದು. ಟಿಲ್‌ನ ಕಲ್ಲಿಗೆ ಮೂಲೆ ಅರ್ಧ ಸವೆದಿರುತ್ತದೆ, ಕೆಲವಕ್ಕೆ ಒಂದು ಮುಖ ಚಪ್ಪಟೆಯಾಗಿ ಉಜ್ಜಿ ಗೀರು ಬಿದ್ದಿರುತ್ತದೆ.

ಹೊಸಜಾಗ:

ಎಲ್ಲರಿಗೂ ತುಂಬಾ ಧನ್ಯವಾದ. ಶನಿವಾರ, ಭಾನುವಾರ ಎರಡೂ ಗುಂಡಿ ತೋಡಿದೆವು. ಮೇಲಿನದರಲ್ಲಿ ಬೂದಿ ಪದರ ಮೂರು ಬೆರಳು, ಅದರ ಕೆಳಗೆ ತುಕ್ಕು ಬಣ್ಣ, 85 ಸೆಂ.ಮೀ.ಗೆ ಹಾರೆ ಚಿಮ್ಮಿತು. ಕೆಳಗಿನ ಮೂಲೆಯಲ್ಲಿ 40ಕ್ಕೇ ಚಿಮ್ಮಿತು. ಅದರ ಮೇಲೆ ಒಂದು ಗೇಣು ಕಿತ್ತಳೆ ಚುಕ್ಕೆ. ನೀರಿನ ಲೆಕ್ಕದಲ್ಲಿ ಕಲ್ಲು 38 ಶೇಕಡಾ ಬಂತು. ಟೋಪಿ ಹಾಕಿದ ಕಲ್ಲೂ ಸಿಕ್ಕಿತು ಅಕ್ಕ, ಮಗಳು ಅದನ್ನು ತೊಳೆಯಲು ಬಿಡುತ್ತಿಲ್ಲ. ಮನೆ, ಇಂಗುಗುಂಡಿ ಎರಡನ್ನೂ ಮೇಲಕ್ಕೆ ತಗೊಂಡು ಹೋಗುತ್ತೇವೆ. ಕೆಳಗಿನ ಮೂಲೆಯಲ್ಲಿ ಏರು ಮಡಿ ಮಾಡಿ ಬ್ಲೂಬೆರಿ ಇಟ್ಟರೆ ಬರುತ್ತದಾ?

ಗುದ್ದಲಿ ಹಿಡಿದವಳು:

ಮಡಿ ಕನಿಷ್ಠ ಒಂದು ಗೇಣು ಎತ್ತರ ಮಾಡಿ, ಇನ್ನೂ ಒಂದಿಷ್ಟು ಏರಿಸಿದರೆ ಒಳ್ಳೆಯದು. ಬ್ಲೂಬೆರಿ ಬೇರು ಮೇಲ್ಮೇಲೇ ಇರುತ್ತದೆ, ಹದ ಬೇಕು, ನಿಂತ ನೀರು ಆಗಲ್ಲ. ಮಡಿಯ ಮೇಲುಬದಿಗೆ ಅಡ್ಡಲಾಗಿ ಒಂದು ಕಾಲುವೆ ತೆಗೆದು, ಅದರ ತಳ ಗಟ್ಟಿ ಪದರದವರೆಗೆ ಮುಟ್ಟಿಸಿ. ಬರುವ ನೀರು ಅಲ್ಲೇ ಸಿಕ್ಕಿ ಪಕ್ಕಕ್ಕೆ ಹೋಗುತ್ತದೆ. ಈ ವರ್ಷ ಎರಡೇ ಗಿಡ ಇಡಿ, ಮುಂದಿನ ವಸಂತದ ನೀರು ನೋಡಿಕೊಂಡು ಮಿಕ್ಕದ್ದು.